‘ಯೇಯ್’ ಅಂತ ಕರೆಸ್ಕೊಂಡ ನಾಲ್ಕು ತಿಂಗಳು

ರಿಟೈರ್ ಆದ್ಮೇಲೆ ಏನ್ ಮಾಡ್ತೀರಿ ಮೇಡಂ ಅಂತ ಎಲ್ರೂ ಕೇಳೋರು, ತೋಟ ನೋಡ್ಕೋತೀನಿ ಅಂತಿದ್ದೆ. ನಿಜ ಹೇಳ್ಬೇಕಂದ್ರೆ ತಿಪಟೂರು ಹತ್ರ ಇರೋ ನಮ್ಮ ತೆಂಗಿನ ತೋಟಕ್ಕೆ ನಾನು ಬೇಕಾಗೇ ಇರ್ಲಿಲ್ಲ, ನಮ್ಮ ಯಜಮಾನ್ರು ಇದ್ರು. 34 ವರ್ಷ ಸರ್ಕಾರಿ ಪ್ರೈಮರಿ ಸ್ಕೂಲಲ್ಲಿ ಪಾಠ ಮಾಡಿ 2018ರಲ್ಲಿ ಹೊರಗೆ ಬಂದೆ, ಮಗಳ ಮನೆ ಅಂತ ಸಿಂಗಪುರಕ್ಕೆ ಹೋದೆ, ಹದಿನೈದೇ ದಿನಕ್ಕೆ ಹನ್ನೊಂದನೇ ಮಹಡಿ ಬಾಲ್ಕನೀಲಿ ನಿಂತ್ಕೊಂಡು ಕೆಳಗಡೆ ಸ್ಕೂಲ್ ಬಸ್ ಎಣಿಸೋ ಸ್ಥಿತಿಗೆ ಬಂದೆ. ಅದನ್ನ ನೋಡಿದ ಮಗಳು "ಅಮ್ಮ, ಕಾಂಬೋಡಿಯಾದಲ್ಲಿ ಮಕ್ಕಳಿಗೆ ಇಂಗ್ಲಿಷ್ ಹೇಳ್ಕೊಡೋಕೆ ವಾಲಂಟಿಯರ್ಸ್ ಬೇಕಂತೆ, ಹೋಗ್ತೀಯಾ?" ಅಂದ್ಳು. ತಮಾಷೆಗೇ ಅಂದಿದ್ದು. ನಾನು ತಮಾಷೆಗೆ ತಗೊಳ್ಳಲಿಲ್ಲ.

ನನ್ನ ಇಂಗ್ಲಿಷ್ ಹೇಗಿದೆ ಅಂತ ಮೊದ್ಲೇ ಹೇಳ್ಬಿಡ್ತೀನಿ. ಓದಿದ್ದು ಪೂರಾ ಕನ್ನಡ ಮೀಡಿಯಂ. 2007ರಲ್ಲಿ ನಮ್ಮ ಸರ್ಕಾರಿ ಸ್ಕೂಲುಗಳಲ್ಲಿ 1ನೇ ಕ್ಲಾಸಿಂದಾನೇ ಇಂಗ್ಲಿಷ್ ಒಂದು ವಿಷಯ ಅಂತ ಶುರುವಾದಾಗ ನನಗೆ ಹತ್ರತ್ರ ಐವತ್ತು, ಒಂದಷ್ಟು ದಿನ ಟ್ರೈನಿಂಗ್ ಕೊಟ್ಟು ಕಳಿಸಿದ್ರು, ಮಕ್ಕಳ ಜೊತೆ ಜೊತೇಲೇ ನಾನೂ ಬಾಯಿಬಿಟ್ಟು ಮಾತಾಡೋದು ಕಲಿತೆ. ನನ್ನಂಥವಳನ್ನ ಯಾರು ಕರೀತಾರೆ ಅಂತ ಅಂದ್ಕೊಂಡಿದ್ದೆ, ಆದ್ರೆ ಕರೆಯೋರು ಬೇಕಾದಷ್ಟು ಜನ ಇದ್ರು, ದುಡ್ಡು ಕೊಟ್ರೆ! ವಾರಕ್ಕೆ ಇಷ್ಟು ಡಾಲರ್ ಅಂತ ಫೀಸು ಕಟ್ಟಿಸ್ಕೊಂಡು ನಮ್ಮನ್ನೇ ಕೆಲ್ಸಕ್ಕೆ ಕಳಿಸೋ ಏಜೆನ್ಸಿಗಳು. ಒಂದ್ ಕಡೆಯವರಂತೂ ಅನಾಥಾಶ್ರಮಕ್ಕೆ ಹಾಕ್ತೀವಿ, ಎರಡೇ ವಾರ ಸಾಕು, ಮಕ್ಕಳ ಜೊತೆ ಫೋಟೋ ಚೆನ್ನಾಗಿ ಬರುತ್ತೆ ಅಂತ ಬರೆದಿದ್ರು. ಮಗಳು ಸ್ವಲ್ಪ ಹುಡುಕಿ ಓದಿದ್ಳು. ಕಾಂಬೋಡಿಯಾದ ಇಂಥ ಆಶ್ರಮಗಳಲ್ಲಿರೋ ಮಕ್ಕಳಲ್ಲಿ ಮುಕ್ಕಾಲು ಪಾಲಿಗೆ ಅಪ್ಪನೋ ಅಮ್ಮನೋ ಬದುಕಿದಾರಂತೆ, ಟೂರಿಸ್ಟುಗಳ ದುಡ್ಡು ಬರುತ್ತೆ ಅಂತಾನೇ ಎಷ್ಟೋ ಆಶ್ರಮ ಹುಟ್ಕೊಂಡಿವೆಯಂತೆ, ಯುನಿಸೆಫ್‌ನವರೇ ಹೇಳಿದಾರೆ. ಅಲ್ಲಿಗೆ ಆ ದಾರಿ ಬಿಟ್ವಿ. ಕೊನೆಗೆ ಸಿಯೆಮ್ ರೀಪ್ ಊರಿಂದ ಇಪ್ಪತ್ತು ಕಿಲೋಮೀಟರ್ ದೂರ ಒಂದು ಹಳ್ಳೀಲಿ ಅಲ್ಲಿಯವರೇ ನಡೆಸೋ ಚಿಕ್ಕ ಶಾಲೆಗೆ ನೇರವಾಗಿ ಬರೆದ್ವಿ. ಅವರು ದುಡ್ಡು ಕೇಳಲಿಲ್ಲ, ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಕೇಳಿದ್ರು, ಮೂರು ತಿಂಗಳಿಗಿಂತ ಕಮ್ಮಿ ಆದ್ರೆ ಬರಬೇಡಿ ಅಂದ್ರು, ಮಕ್ಕಳ ಫೋಟೋ ಎಲ್ಲೂ ಹಾಕೋ ಹಾಗಿಲ್ಲ ಅಂದ್ರು. ಇಷ್ಟು ಕಟ್ಟುನಿಟ್ಟಾಗಿ ಮಾತಾಡ್ತಾರಲ್ಲ, ಇವರೇ ಸರಿ ಅನ್ನಿಸ್ತು.

ಊರಿಗೆ ವಾಪಸ್ ಬಂದು ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ 500 ರೂಪಾಯಿ ಕಟ್ಟಿ ಆ ಸರ್ಟಿಫಿಕೇಟ್ ಮಾಡಿಸ್ದೆ. ಹೋಗೋರಿಗೆ ಒಂದು ಮಾತು, ಟೂರಿಸ್ಟ್ ವೀಸಾ ತಗೊಂಡು ಪಾಠಕ್ಕೆ ನಿಲ್ಲೋಕೆ ಹೋಗ್ಬೇಡಿ. ಆರ್ಡಿನರಿ ವೀಸಾ ಅಂತ ಬೇರೆ ಇದೆ, ಏರ್‌ಪೋರ್ಟಲ್ಲೇ 35 ಡಾಲರಿಗೆ ಕೊಟ್ರು, ಆಮೇಲೆ ಶಾಲೆಯವರು ಅದನ್ನ ಮುಂದುವರೆಸೋ ಕಾಗದಪತ್ರ ಎಲ್ಲ ಮಾಡಿಸಿದ್ರು. ಡಾಲರ್ ನೋಟು ಒಂಚೂರು ಹರಿದಿದ್ರೂ ಸಂತೇಲಿ ತಗೊಳ್ಳಲ್ಲ, ಅದೂ ನೆನಪಿಟ್ಕೊಳ್ಳಿ.

ನವೆಂಬರ್ ಮೊದಲ ವಾರ ಹೋದೆ, ಅಲ್ಲಿ ಶಾಲಾ ವರ್ಷ ಆಗಷ್ಟೇ ಶುರುವಾಗಿತ್ತು. ಅಲ್ಲಿ ಸರ್ಕಾರಿ ಸ್ಕೂಲು ಅರ್ಧ ದಿನ ಮಾತ್ರ, ಕೆಲವು ಮಕ್ಕಳಿಗೆ ಬೆಳಿಗ್ಗೆ, ಕೆಲವರಿಗೆ ಮಧ್ಯಾಹ್ನ. ಉಳಿದರ್ಧ ದಿನ ನಮ್ಮಲ್ಲಿಗೆ ಬರೋವು. ನಮ್ಮ ಶಾಲೆ ಅಂದ್ರೆ ಕಂಬಗಳ ಮೇಲೆ ತಗಡಿನ ಸೂರು, ಗೋಡೆ ಇಲ್ಲ. ಒಂದು ಬ್ಯಾಚಲ್ಲಿ 35 ಮಕ್ಕಳು, ಆರು ವರ್ಷದ್ದೂ ಇದೆ ಹದಿಮೂರರದ್ದೂ ಇದೆ. ಜೊತೆಗೆ ಆ ಊರಿನದೇ ಹುಡುಗಿ ಒಬ್ಬಳು ಟೀಚರ್, ಇಪ್ಪತ್ನಾಲ್ಕು ವರ್ಷ ಇರ್ಬೇಕು. ಅವಳನ್ನ ಮಕ್ಕಳು ‘ನೆಯಾಕ್ ಕ್ರೂ’ ಅನ್ನೋವು. ಕ್ರೂ ಅಂದ್ರೆ ನಮ್ಮ ಗುರುನೇ! ಶಾಲೆಗೆ ಸಾಲಾ ಅಂತಾರೆ. ನನ್ನನ್ನ ಮಾತ್ರ ‘ಯೇಯ್’ ಅಂತ ಕರೆದ್ವು. ಮೊದಲನೇ ದಿನ ಬೆನ್ನ ಹಿಂದೆಯಿಂದ ಒಂದು ಹುಡುಗ "ಯೇಯ್! ಯೇಯ್!" ಅಂತ ಕೂಗಿದಾಗ ಯಾವೋನೋ ಅದು ಅಂತ ಕಣ್ಣು ಬಿಟ್ಟು ತಿರುಗಿದ್ದೆ, ಆಮೇಲೆ ಗೊತ್ತಾಯ್ತು ಯೇಯ್ ಅಂದ್ರೆ ಅಜ್ಜಿ ಅಂತ.

ಅದೇ ದಿನ ಇನ್ನೊಂದು ತಪ್ಪು ಮಾಡ್ದೆ. ಒಂದು ಹುಡುಗಿ ಸರಿಯಾಗಿ ಉತ್ತರ ಹೇಳ್ತು, ಅಭ್ಯಾಸ ನೋಡಿ, ಶಹಬ್ಬಾಸ್ ಅಂತ ತಲೆ ತಟ್ಟಿದೆ. ಕ್ಲಾಸೆಲ್ಲ ಒಂದು ಗಳಿಗೆ ಸುಮ್ನಾಯ್ತು. ತಲೆ ಅಂದ್ರೆ ಅಲ್ಲಿ ಬಹಳ ಪವಿತ್ರ, ಬೇರೆಯವರು ಮುಟ್ಟಬಾರದು. ಆ ಟೀಚರ್ ಹುಡುಗಿ ಕ್ಲಾಸ್ ಮುಗಿದ್ಮೇಲೆ ಮೆಲ್ಲಗೆ ಹೇಳಿದ್ಳು, ಎಲ್ರ ಮುಂದೆ ಹೇಳಲಿಲ್ಲ. 34 ವರ್ಷದ ಕೈ, ಕಟ್ಟಿ ಹಾಕೋಕೆ ಎರಡು ವಾರ ಬೇಕಾಯ್ತು.

ಪಾಠದ ವಿಷಯಕ್ಕೆ ಬರ್ತೀನಿ. ಬಣ್ಣಗಳಿಂದ ಶುರು ಮಾಡೋಣ ಅಂತ ಸಿಂಗಪುರದಿಂದ ಬಣ್ಣದ ಕಾರ್ಡು ಕಟ್ಟಿಸ್ಕೊಂಡು ಹೋಗಿದ್ದೆ. ಕಾರ್ಡ್ ಎತ್ತೋಕ್ ಮುಂಚೇನೇ ರೆಡ್ ಬ್ಲೂ ಗ್ರೀನ್ ಯೆಲ್ಲೋ ಅಂತ ಸೂರು ಹಾರೋ ಹಾಗೆ ಕಿರುಚಿದ್ವು. ಅಬ್ಬಾ ಎಷ್ಟು ಚೂಟಿ ಅಂತ ಖುಷಿಯಾಗಿ ಒಂದು ಹುಡುಗನ ಬ್ಯಾಗ್ ತೋರಿಸಿ ಇದ್ಯಾವ ಕಲರ್ ಅಂತ ಇಂಗ್ಲಿಷಲ್ಲಿ ಕೇಳ್ದೆ, ಸದ್ದೇ ಇಲ್ಲ. ಕಾರ್ಡಿನ ಬಣ್ಣ ಗೊತ್ತು, ಬ್ಯಾಗಿನ ಬಣ್ಣ ಗೊತ್ತಿಲ್ಲ. ಅವುಗಳ ನೋಟ್‌ಬುಕ್ ತೆಗೆದು ನೋಡಿದ್ರೆ ಅರ್ಥ ಆಯ್ತು. ಒಂದೇ ವರ್ಷದಲ್ಲಿ ಐದು ಸಲ ಎಬಿಸಿಡಿ, ಐದು ಸಲ ಬಣ್ಣ, ಐದು ಸಲ ಹಣ್ಣುಗಳು. ಪ್ರತಿ ವಾಲಂಟಿಯರ್ರೂ ಬಂದು ಮೊದಲಿಂದ ಶುರು ಮಾಡಿ, ಹಣ್ಣಿನವರೆಗೆ ಬರೋ ಹೊತ್ತಿಗೆ ಹೊರಟು ಹೋಗಿದಾರೆ. ಮೂರು ತಿಂಗಳ ರೂಲು ಯಾಕೆ ಬಂತು ಅಂತ ಆಗ ಗೊತ್ತಾಯ್ತು. ಹಿಂದಿನವರು ಎಲ್ಲಿಗೆ ನಿಲ್ಲಿಸಿದ್ರು ಅಂತ ಒಂದು ಚೀಟೀಲೂ ಬರೆದಿಟ್ಟಿರಲಿಲ್ಲ.

ನಮ್ಮಲ್ಲಿ ಪಾಠ ಟಿಪ್ಪಣಿ ಬರೆಯೋದು ಅಂದ್ರೆ ಯಾವ ಮೇಷ್ಟ್ರಿಗೂ ಆಗ್ತಿರ್ಲಿಲ್ಲ, ನಾನೂ ಎಷ್ಟೋ ಸಲ ಇನ್‌ಸ್ಪೆಕ್ಷನ್ ಹಿಂದಿನ ರಾತ್ರಿ ಕೂತು ಒಂದು ತಿಂಗಳದ್ದು ಗೀಚಿದೀನಿ, ಸುಳ್ಳು ಹೇಳಲ್ಲ. ಅಂಥವಳು ಮರುದಿನವೇ ಸಂತೆಗೆ ಹೋಗಿ ದಪ್ಪ ಲಾಂಗ್ ನೋಟ್‌ಬುಕ್ ಒಂದು ತಂದೆ. ಯಾವ ದಿನ ಏನು ಮಾಡಿದ್ವಿ, ಯಾವ ಮಗು ಎಲ್ಲಿದೆ, ಏನು ಬರ್ಲಿಲ್ಲ ಅಂತ ದಿನಾ ಸಂಜೆ ಅರ್ಧ ಪುಟ. ಟೀಚರ್ ಹುಡುಗಿ ಮೊದಮೊದಲು ಪಕ್ಕದಲ್ಲಿ ಕೂತು ನೋಡ್ತಿದ್ಳು ಅಷ್ಟೆ. ಅವಳಿಗೂ ಇಷ್ಟು ದಿನ ಅಭ್ಯಾಸ ಏನಾಗಿತ್ತು ಅಂದ್ರೆ, ಹೊರಗಿನವರು ಬಂದ್ರೆ ಕ್ಲಾಸು ಅವರದ್ದು, ತಾನು ಸುಮ್ನೆ ಗಲಾಟೆ ನಿಲ್ಲಿಸೋಕೆ ಇರೋದು ಅಂತ. ಅದನ್ನ ಬದಲಾಯಿಸೋಕೆ ಇಂಗ್ಲಿಷ್ ಪಾಠಕ್ಕಿಂತ ಜಾಸ್ತಿ ಕಷ್ಟ ಪಟ್ಟಿದೀನಿ.

35 ಮಕ್ಕಳನ್ನ ಒಟ್ಟಿಗೆ ಕೂರಿಸಿ ಒಂದೇ ಪಾಠ ಮಾಡೋಕಾಗಲ್ಲ ಅನ್ನೋದು ಒಂದೇ ದಿನದಲ್ಲಿ ಖಾತ್ರಿಯಾಯ್ತು, ಆದ್ರೆ ಇದು ನನಗೆ ಹೊಸದಲ್ಲವಲ್ಲ, ನಮ್ಮ ಸರ್ಕಾರಿ ಸ್ಕೂಲುಗಳ ನಲಿ-ಕಲಿ ಪದ್ಧತೀಲಿ ಒಂದು ಎರಡು ಮೂರನೇ ಕ್ಲಾಸು ಸೇರಿಸ್ಕೊಂಡು ವರ್ಷಗಟ್ಟಲೆ ಇದನ್ನೇ ಮಾಡಿದ್ದು. ರಟ್ಟಿನ ಡಬ್ಬ ಕತ್ತರಿಸಿ ಕಾರ್ಡ್ ಮಾಡ್ಕೊಂಡ್ವಿ, ಗುಂಪು ಮಾಡ್ದೆ, ಒಂದು ಗುಂಪಿಗೆ ಟೀಚರ್ ಹುಡುಗಿ, ಒಂದಕ್ಕೆ ನಾನು, ಒಂದು ಗುಂಪಲ್ಲಿ ದೊಡ್ಡ ಮಕ್ಕಳೇ ಚಿಕ್ಕವಕ್ಕೆ ಹೇಳ್ಕೊಡೋದು, ಇನ್ನೊಂದು ಬರ್ಕೊಂಡು ಕೂರೋದು. ಕಂಬದಿಂದ ಕಂಬಕ್ಕೆ ದಾರ ಕಟ್ಟಿ ಕಲಿಕಾ ಚಪ್ಪರಾನೂ ಮಾಡಿ ಮಕ್ಕಳ ಚಿತ್ರ ಎಲ್ಲ ನೇತು ಹಾಕಿದ್ವಿ. ಗೋಡೆ ಇಲ್ಲ ಅನ್ನೋದು ಮರೆತಿದ್ದೆ. ಮಧ್ಯಾಹ್ನ ಊಟ ಮಾಡಿ ಬರೋ ಅಷ್ಟೊತ್ತಿಗೆ ಯಾರದೋ ಹಸು ಒಂದು ಸಾಲು ತಿಂದು ಮುಗಿಸಿತ್ತು. ಆಮೇಲೆ ದಾರ ಎತ್ತರಕ್ಕೆ ಕಟ್ಟಿದ್ವಿ.

ಎಲ್ಲಕ್ಕಿಂತ ಕಷ್ಟ ಆಗಿದ್ದು ಉಚ್ಚಾರಣೆ. ರೈಸ್ ಅನ್ನು ಅಂದ್ರೆ ‘ರೈ’ ಅಂತಾವೆ, ಹೌಸ್‌ಗೆ ‘ಹಾವ್’ ಅಂತಾವೆ, ಲೈಕ್ ಮತ್ತು ಲೈಟ್ ನನ್ನ ಕಿವಿಗೆ ಒಂದೇ ಥರ ಕೇಳ್ಸೋದು. ಅವರ ಖ್ಮೇರ್ ಭಾಷೇಲಿ ಪದದ ಕೊನೇಲಿ ಕ್, ಟ್ ಬಂದ್ರೆ ಬಾಯಲ್ಲೇ ತಡೆದುಬಿಡ್ತಾರೆ, ಹೊರಗೆ ಬಿಡೋದೇ ಇಲ್ಲ, ಕೊನೇಲಿ ಸ್ ಇದ್ರೆ ಅದು ಬರೀ ಉಸಿರಾಗಿ ಹೋಗುತ್ತೆ. ಆದ್ರೆ ಸ್ಕೂಲ್ ಅನ್ನೋದು ಮಾತ್ರ ನೀಟಾಗಿ ಅಂತಾವೆ, ನಮ್ಮ ಎಷ್ಟೋ ಮಕ್ಕಳ ಥರ ಇಸ್ಕೂಲ್ ಅನ್ನಲ್ಲ, ಯಾಕಂದ್ರೆ ಅವರ ಭಾಷೇಲಿ ಪದದ ಮೊದಲಲ್ಲಿ ಒತ್ತಕ್ಷರ ಬೇಕಾದಷ್ಟಿವೆ. ಒಂದು ವಾರ ಸ್ಸ್ ಸ್ಸ್ ಅಂತ ಹಾವಿನ ಥರ ಸದ್ದು ಮಾಡಿ ಮಾಡಿ ಸಾಕಾಯ್ತು. ಕೊನೆಗೆ ಒಂದಿನ ಸುಸ್ತಾಗಿ ನಮ್ಮೂರ ಇಂಗ್ಲಿಷೇ ಬಾಯಿಗೆ ಬಂತು, "ನಾಟ್ ರೈ, ರೈಸು! ರೈ-ಸು!" ಅಂದ್ಬಿಟ್ಟೆ. ಮಕ್ಕಳೆಲ್ಲ "ರೈಸು!" ಅಂದ್ವು, ಆ ಸ ಅನ್ನೋದು ಗಟ್ಟಿಯಾಗಿ ಬಂತು!

ನಾವು ಕನ್ನಡದವರು ಏನು ಮಾಡ್ತೀವಿ, ಬಸ್ಸು ಬುಕ್ಕು ಕಾರು ಅಂತ ಎಲ್ಲದರ ಬಾಲಕ್ಕೂ ಒಂದು ಉ ಅಂಟಿಸ್ತೀವಿ, ಅದನ್ನ ಬಿಡಿಸೋಕೆ ನಾನು ತಿಪಟೂರಲ್ಲಿ ಪಟ್ಟ ಪಾಡು ನನಗೇ ಗೊತ್ತು. ಇಲ್ಲಿ ಅದೇ ಉ ಔಷಧಿ ಆಯ್ತು. ಮೊದಲು ಉ ಹಚ್ಚಿ ಗಟ್ಟಿಯಾಗಿ ಹೇಳ್ಸೋದು, ಆಮೇಲೆ ಮೆಲ್ಲಗೆ, ಆಮೇಲೆ ಬರೀ ತುಟಿಯಲ್ಲಿ, ಕೊನೆಗೆ ಉ ಬಿಟ್ಟು ಹೇಳ್ಸೋದು. ಮೂರು ವಾರದಲ್ಲಿ ಲೈಕ್ ಬೇರೆ ಲೈಟ್ ಬೇರೆ ಆಗಿ ಕೇಳ್ಸೋಕೆ ಶುರುವಾಯ್ತು. ಎರಡು ಮಕ್ಕಳು ಮಾತ್ರ ಕೊನೇವರೆಗೂ ‘ಡಾಗು’ ಅಂತಾನೇ ಉಳಿದ್ವು, ಅವಕ್ಕೆ ಕನ್ನಡ ಇಂಗ್ಲಿಷ್ ಅಂಟಿಸಿ ಬಂದಿದೀನಿ, ನೋಡಿ.

ವ್ಯಾಕರಣದಲ್ಲೂ ಹೀಗೇ. ಖ್ಮೇರ್‌ನಲ್ಲಿ ಕ್ರಿಯಾಪದ ಕಾಲಕ್ಕೆ ತಕ್ಕ ಹಾಗೆ ಬದಲಾಗಲ್ಲ, ಮುಗೀತು ಅನ್ನೋಕೆ ಕೊನೇಲಿ ಒಂದು ಪದ ಸೇರಿಸಿದ್ರೆ ಆಯ್ತು, ಅದಕ್ಕೇ ಮಕ್ಕಳು "ಐ ಗೋ ಮಾರ್ಕೆಟ್ ಆಲ್ರೆಡಿ" ಅಂತಾವೆ. ಅದನ್ನ ನಾನು ತಿದ್ದೋಕೆ ಹೋಗ್ಲಿಲ್ಲ. ಆ ವಯಸ್ಸಿಗೆ ಬಾಯಿ ತೆರೆದ್ರೆ ಸಾಕು ಅನ್ನೋದು ನನ್ನ ಲೆಕ್ಕ. ಲೆಕ್ಕ ಅಂದಾಗ ನೆನಪಾಯ್ತು, ಅವರ ಎಣಿಕೆ ಐದಕ್ಕೇ ನಿಲ್ಲುತ್ತೆ. ಮುಯ್, ಪೀ, ಬೇಯ್, ಬುವನ್, ಪ್ರಾಮ್, ಆಮೇಲೆ ಆರಕ್ಕೆ ಪ್ರಾಮ್-ಮುಯ್ ಅಂದ್ರೆ ಐದು-ಒಂದು. ಒಂದು ಪುಟ್ಟ ಹುಡುಗ ಸಿಕ್ಸ್ ಅನ್ನೋ ಕಡೆ ‘ಫೈವ್ ವನ್’ ಅಂದಾಗ ಪೆದ್ದ ಅಂದ್ಕೊಂಡಿದ್ದೆ, ಅವನು ತನ್ನ ಭಾಷೆಯಿಂದ ಸರಿಯಾಗೇ ತಂದಿದ್ದ.

ಅವರ ಭಾಷೆ ಕಲಿಯದೇ ಇವನ್ನೆಲ್ಲ ಹಿಡಿಯೋಕಾಗಲ್ಲ ಅಂತ ದಿನಾ ಸಂಜೆ ಟೀಚರ್ ಹುಡುಗಿ ಹತ್ರ ಪಾಠ ಹೇಳಿಸ್ಕೊಂಡೆ. ಅಕ್ಷರಮಾಲೆ ನಮ್ಮ ಕಖಗಘಙ ಸಾಲಲ್ಲೇ ಇದೆ, ಅಂಕಿಗಳಲ್ಲಿ 2, 3 ನೋಡಿದ್ರೆ ನಮ್ಮ ಕನ್ನಡದ ಎರಡು ಮೂರರ ದಾಯಾದಿಗಳು ಅನ್ಸುತ್ತೆ. ವಾರದ ಹೆಸರು ಕೇಳಿ, ಆತಿತ್, ಚಾನ್, ಅಂಗಿಯಾ, ಪುಟ್. ಆದಿತ್ಯ, ಚಂದ್ರ, ಅಂಗಾರಕ, ಬುಧ! ಶನಿವಾರಕ್ಕೆ ‘ಸಾವ್’ ಅಂದಾಗ ನಾನು ಬಿದ್ದು ಬಿದ್ದು ನಕ್ಕೆ, ಯಾಕೆ ಅಂತ ಅವಳಿಗೆ ಹೇಳೋಕೇ ಆಗ್ಲಿಲ್ಲ.

ಊಟದ್ದು ಬಹಳ ಹೇಳಲ್ಲ. ನಾನು ಸಸ್ಯಾಹಾರಿ, ಅಲ್ಲಿ ಬರೀ ಸೊಪ್ಪಿನ ಪಲ್ಯಕ್ಕೂ ಮೀನಿನ ಸಾಸ್ ಬೀಳುತ್ತೆ. ಚಟ್ನಿಪುಡಿ ಜೊತೆ ಎರಡು ಕೆಜಿ ಅವಲಕ್ಕಿ ಹೊತ್ಕೊಂಡು ಹೋಗಿದ್ದೆ. ನವೆಂಬರ್ ಹುಣ್ಣಿಮೆ ದಿನ, ನಮ್ಮ ಕಾರ್ತಿಕ ಹುಣ್ಣಿಮೇನೇ, ಅವರೂ ಆ ತಿಂಗಳಿಗೆ ಕಡಿಕ್ ಅಂತಾರೆ, ನಾನಿದ್ದ ಮನೆಯವರು ಚಂದ್ರನಿಗೆ ಕೈ ಮುಗಿದು ನನ್ನ ಕೈಗೆ ಬಾಳೆಹಣ್ಣು ಬೆರೆಸಿದ ಅವಲಕ್ಕಿ ಹಾಕಿದ್ರು. ಹೊಸ ಭತ್ತ ಕುಟ್ಟಿ ಮಾಡಿದ್ದು, ‘ಅಂಬೊಕ್’ ಅಂತ ಹೆಸರು. ತಿಪಟೂರಿನ ಅವಲಕ್ಕಿ ಪ್ಯಾಕೆಟ್ ತಂದು ತೋರಿಸ್ದೆ, ಆ ಮನೆ ಅಜ್ಜಿ ಬಾಯಿಗೆ ಹಾಕ್ಕೊಂಡು ಇದು ಹಳೇದು ಅಂತ ಮುಖ ಸಿಂಡರಿಸಿದ್ರು.

ಆ ಅಜ್ಜಿಗೂ ನನ್ನದೇ ವಯಸ್ಸು. 1975ರಲ್ಲಿ ನಾನು ಹದಿನೇಳು ವರ್ಷದವಳು, ಮುಂದೆ ಟೀಚರ್ ಟ್ರೈನಿಂಗಿಗೆ ಹೋಗ್ತೀನಿ ಅಂತ ಮನೇಲಿ ಜಗಳ ಆಡ್ತಿದ್ದೆ. ಅವರಿಗೂ ಹದಿನೇಳು, ಆಗ ಅಧಿಕಾರ ಹಿಡಿದ ಖ್ಮೇರ್ ರೂಜ್ ಅನ್ನೋ ಕಮ್ಯುನಿಸ್ಟ್ ಗುಂಪಿನವರು ಬಂದು ಶಾಲೆಗಳನ್ನೆಲ್ಲ ಮುಚ್ಚಿಸಿ ಎಲ್ಲರನ್ನೂ ಗದ್ದೆಗೆ ಅಟ್ಟಿದ್ರು, ಓದಿದವರನ್ನ, ಮೇಷ್ಟ್ರುಗಳನ್ನ ಹುಡುಕಿ ಕೊಂದ್ರು. 1979ರವರೆಗೆ ಅದೇ. ಅವರು ಮತ್ತೆ ಶಾಲೆಗೆ ಹೋಗ್ಲಿಲ್ಲ. ಇದನ್ನ ಟೀಚರ್ ಹುಡುಗಿ ನನಗೆ ಹೇಳಿದ್ದು, ಅಜ್ಜಿ ತಾವಾಗಿ ಒಂದು ಸಲವೂ ಮಾತೆತ್ತಲಿಲ್ಲ, ನಾನೂ ಕೇಳ್ಲಿಲ್ಲ.

ಡಿಸೆಂಬರಲ್ಲಿ ಭತ್ತದ ಕೊಯ್ಲು, ದೊಡ್ಡ ಮಕ್ಕಳು ಗದ್ದೆಗೆ ಹೋದ್ವು, ಕೆಲವು ದಿನ ಹನ್ನೆರಡೇ ಮಕ್ಕಳು. ನಮ್ಮಲ್ಲಾಗಿದ್ರೆ ಹಾಜರಾತಿ ಅಂತ ತಲೆ ಕೆಡಿಸ್ಕೋತಿದ್ದೆ. ಟೀಚರ್ ಹುಡುಗಿನೇ ಒಂದು ಉಪಾಯ ಹೇಳಿದ್ಳು, ಬಂದ ಮಕ್ಕಳಿಗೆ ಹೊಸದು ಬೇಡ, ಭತ್ತ, ಕುಡುಗೋಲು, ಹುಲ್ಲು, ಎತ್ತು ಇವಕ್ಕೆಲ್ಲ ಇಂಗ್ಲಿಷಲ್ಲಿ ಏನಂತಾರೆ ಅಂತ ಮಾಡೋಣ, ಗದ್ದೆಗೆ ಹೋದವು ವಾಪಸ್ ಬಂದಾಗ ಇವೇ ಅವಕ್ಕೆ ಹೇಳ್ಕೊಡಲಿ ಅಂತ. ಕುಡುಗೋಲಿಗೆ ಇಂಗ್ಲಿಷ್ ಪದ ನನಗೇ ಥಟ್ಟನೆ ಹೊಳೀಲಿಲ್ಲ, ಮಗಳಿಗೆ ಫೋನ್ ಮಾಡಿ ಕೇಳ್ದೆ. ಆ ವಾರದ ಪುಟವನ್ನ ನೋಟ್‌ಬುಕ್ಕಲ್ಲಿ ಟೀಚರ್ ಹುಡುಗಿನೇ ಬರೆದ್ಳು, ಇಂಗ್ಲಿಷಲ್ಲಿ. ಅಲ್ಲಿಂದ ಮುಂದೆ ಒಂದು ದಿನ ಅವಳು, ಒಂದು ದಿನ ನಾನು.

ಫೆಬ್ರವರಿ ಕೊನೇಲಿ ಹೊರಟೆ. ಮಧ್ಯೆ ಒಂದೇ ಒಂದು ದಿನ 37 ಡಾಲರ್ ಕೊಟ್ಟು ಆಂಕೋರ್ ವಾಟ್ ದೇವಸ್ಥಾನ ನೋಡಿದ್ದು, ಸಮುದ್ರಮಥನ ಕೆತ್ತಿರೋ ಗೋಡೆ ಮುಂದೆ ಒಂದು ಗಂಟೆ ನಿಂತಿದ್ದೆ, ಅದಕ್ಕೇ ಬೇರೆ ಬರೀಬೇಕು. ನನ್ನ ಹಿಂದೆ ಬರೋ ವಾಲಂಟಿಯರ್‌ಗೆ ಅಂತ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ದೊಡ್ಡದಾಗಿ ಬರೆದೆ, ಬಣ್ಣ ಆಗಿದೆ, ಹಣ್ಣು ಆಗಿದೆ, ದಯವಿಟ್ಟು ಎಬಿಸಿಡಿ ಮತ್ತೆ ಮಾಡ್ಬೇಡಿ ಅಂತ.

ಮುಂದಿನ ನವೆಂಬರಲ್ಲಿ ಟೀಚರ್ ಹುಡುಗಿ ಫೋನಿಗೆ ಒಂದು ಫೋಟೋ ಕಳಿಸಿದ್ಳು, ಅದೇ ನೋಟ್‌ಬುಕ್ಕು, ಹೊಸ ಪುಟ. ಎಲ್ಲ ಖ್ಮೇರ್‌ನಲ್ಲಿ ಬರೆದಿದ್ಳು. ಕಣ್ಣಗಲಿಸಿ ನೋಡ್ದೆ, ನನಗೆ ಓದೋಕೆ ಬಂದಿದ್ದು ಅಲ್ಲೊಂದು ಇಲ್ಲೊಂದು 2, 3 ಅಷ್ಟೆ. ಇಂಗ್ಲಿಷಲ್ಲಿ ಬರೆದಿದ್ರೆ ಬರೋ ವಾಲಂಟಿಯರ್‌ಗೆ ಅನುಕೂಲ ಆಗ್ತಿತ್ತಲ್ಲ ಅಂತ ಮೆಸೇಜ್ ಹಾಕ್ದೆ. "ಅವರು ನನ್ನ ಕೇಳ್ತಾರೆ, ನಾನು ಹೇಳ್ತೀನಿ ಯೇಯ್" ಅಂತ ಉತ್ತರ ಬಂತು.