ಒಂದೇ ನಕ್ಷತ್ರ, ಎರಡು ನೋಟ್‌ಬುಕ್

ಗಂಡ ಹೆಂಡತಿ ಸೇರಿ ಒಂದು ಹವ್ಯಾಸ ಇಟ್ಟುಕೊಳ್ಳಿ ಅಂತ ಹೇಳುವವರು ಬೇಕಾದಷ್ಟು ಜನ. ಆ ಹವ್ಯಾಸದಲ್ಲಿ ಯಾರು ಏನು ಮಾಡಬೇಕು ಅಂತ ಯಾರೂ ಹೇಳುವುದಿಲ್ಲ. ನಮಗೆ ತೊಡಕಾಗಿದ್ದು ಅಲ್ಲೇ. ಚೆಸ್ ಇವರಿಗೆ ಚೆನ್ನಾಗಿ ಬರುತ್ತದೆ, ನನಗೆ ಬರಲ್ಲ. ಪ್ರತಿ ಸಲ ಸೋಲುವವರಿಗೆ ಅದು ಬಿಡುವಿನ ಆಟ ಅನ್ನಿಸುವುದಿಲ್ಲ, ಅಲ್ವಾ? ಕ್ರೋಶಾ ನನ್ನದು. ಇವರ ಕೈಗೆ ಕೊಟ್ಟರೆ ಮರ್ಯಾದೆಗೆ ಎರಡು ಸಾಲು ಹಾಕಿ ಪಕ್ಕಕ್ಕಿಡುತ್ತಾರೆ. ಸಿನಿಮಾ ಹಾಕಿದರೆ ಅರ್ಧಕ್ಕೇ ಒಬ್ಬರು ಫೋನಿಗೆ ಹೋಗಿರುತ್ತೇವೆ.

ನಮ್ಮಲ್ಲಿ ಗಟ್ಟಿಯಾಗಿ ನಿಂತಿದ್ದು ಆಕಾಶ ನೋಡುವುದು. ಸುಮ್ನೆ ನೋಡುವುದಲ್ಲ, ಹೊಳಪು ಬದಲಾಗುವ ನಕ್ಷತ್ರಗಳನ್ನು ನೋಡಿ ಬರೆದಿಡುವುದು. ಮೊದಲಿಗೆ ಎಲ್ಲರ ಹಾಗೆ ಗುರು ಗ್ರಹ, ಚಂದ್ರನ ಕುಳಿಗಳು, ಕೃತ್ತಿಕೆಯ ಗುಂಪು ಅಂತ ಬೈನಾಕ್ಯುಲರ್ ಹಿಡಿದು ನೋಡುತ್ತಿದ್ದೆವು. ಅದು ಚೆಂದವೇ. ಆದರೆ ಬೈನಾಕ್ಯುಲರ್ ಒಂದು, ಜನ ಇಬ್ಬರು. ಒಬ್ಬರು "ಅಬ್ಬಾ, ಗುರುವಿನ ಪಕ್ಕ ಮೂರು ಚುಕ್ಕಿ ಕಾಣ್ತಿದೆ" ಅನ್ನುತ್ತಿದ್ದರೆ ಇನ್ನೊಬ್ಬರು ಕತ್ತಲಲ್ಲಿ ಕೈಕಟ್ಟಿಕೊಂಡು ನಿಂತಿರಬೇಕು. ನೋಡಿದ್ದಾಯಿತು, ಮುಂದೇನು ಅನ್ನುವ ಪ್ರಶ್ನೆಯೂ ಬರುತ್ತಿತ್ತು.

ಹೊಳಪು ಅಳೆಯುವ ಕೆಲಸದಲ್ಲಿ ಈ ಎರಡೂ ತಾಪತ್ರಯ ಇಲ್ಲ. ಇಬ್ಬರೂ ಒಂದೇ ಹೊತ್ತಿನಲ್ಲಿ ಬರಿಗಣ್ಣಿನಲ್ಲೇ ಮಾಡಬಹುದು. ಮಾಡಿದ್ದಕ್ಕೆ ಒಂದು ಲೆಕ್ಕವೂ ಉಳಿಯುತ್ತದೆ.

ಶುರು ಮಾಡುವವರಿಗೆ ಆಲ್ಗಾಲ್ ಅನ್ನುವ ನಕ್ಷತ್ರವನ್ನೇ ಹೇಳುತ್ತೇನೆ. ಕೃತ್ತಿಕೆ ಗೊತ್ತಿದ್ದರೆ ಇದನ್ನು ಹುಡುಕುವುದು ಸುಲಭ. ಕೈ ನೀಟಾಗಿ ಚಾಚಿ ಮುಷ್ಟಿ ಕಟ್ಟಿದರೆ ಆಕಾಶದಲ್ಲಿ ಅದು ಸುಮಾರು 10 ಡಿಗ್ರಿ ಅಗಲ. ಕೃತ್ತಿಕೆಯಿಂದ ಉತ್ತರಕ್ಕೆ, ಸ್ವಲ್ಪ ಪಶ್ಚಿಮಕ್ಕೆ ವಾಲಿ, ಹತ್ತಿರಹತ್ತಿರ ಎರಡು ಮುಷ್ಟಿ ಹೋದರೆ ಪರ್ಸಿಯಸ್ ಪುಂಜದ ಆಲ್ಗಾಲ್ ಸಿಗುತ್ತದೆ. ಬಹುಪಾಲು ಹೊತ್ತು ಇದರ ಕಾಂತಿಮಾನ 2.1. ಆದರೆ 2 ದಿನ 20 ಗಂಟೆ 49 ನಿಮಿಷಕ್ಕೊಮ್ಮೆ ಮಂಕಾಗಿ 3.4ಕ್ಕೆ ಇಳಿಯುತ್ತದೆ. (ಕಾಂತಿಮಾನ ಅಂದರೆ ನಕ್ಷತ್ರದ ಹೊಳಪನ್ನು ಹೇಳುವ ಅಳತೆ. ಅದರ ಸಂಖ್ಯೆ ಹೆಚ್ಚಾದಷ್ಟೂ ನಕ್ಷತ್ರ ಮಂಕು. ಇದು ಎಲ್ಲರಿಗೂ ಮೊದಲು ತಲೆಕೆಳಗಾಗಿ ಕಾಣುತ್ತದೆ.) ಅಂದರೆ ಹೊಳಪು ಸುಮಾರು ಮೂರನೇ ಒಂದಕ್ಕೆ ಬೀಳುತ್ತದೆ. ಇಳಿದು ಮತ್ತೆ ಏರುವುದಕ್ಕೆ ಒಟ್ಟು ಹತ್ತು ಗಂಟೆ ಹಿಡಿಯುತ್ತದೆ. ಅಲ್ಲಿ ಎರಡು ನಕ್ಷತ್ರಗಳು ಒಂದನ್ನೊಂದು ಸುತ್ತುತ್ತಿವೆ. ಮಂಕಾಗಿರುವುದು ಪ್ರಖರವಾದುದರ ಮುಂದೆ ಹಾದುಹೋದಾಗ ನಮಗೆ ಬೆಳಕು ಕಡಿಮೆ ಬರುತ್ತದೆ, ಅಷ್ಟೇ. ಗ್ರಹಣದ ಹಾಗೆಯೇ.

ಅಳೆಯುವುದಕ್ಕೆ ಯಂತ್ರ ಬೇಡ. ಅಕ್ಕಪಕ್ಕದ, ಹೊಳಪು ಬದಲಾಗದ ಎರಡು ನಕ್ಷತ್ರ ಆರಿಸಿಕೊಳ್ಳಬೇಕು. ಒಂದು ಆಲ್ಗಾಲ್‌ಗಿಂತ ಜಾಸ್ತಿ ಹೊಳೆಯುವುದು, ಇನ್ನೊಂದು ಕಡಿಮೆ ಹೊಳೆಯುವುದು. ಒಂದರದ್ದು 1.8, ಇನ್ನೊಂದರದ್ದು 3.0 ಅಂತಿಟ್ಟುಕೊಳ್ಳಿ. ಆಲ್ಗಾಲ್ ಸರಿಯಾಗಿ ಇವೆರಡರ ನಡುವೆ ಇದೆ ಅನ್ನಿಸಿದರೆ 2.4. ಮಂಕಿನ ಕಡೆಗೆ ಒಂದಿಷ್ಟು ಜಾಸ್ತಿ ವಾಲಿದೆ ಅನ್ನಿಸಿದರೆ 2.6 ಅಥವಾ 2.7. ಇದಕ್ಕೆಂದೇ ಇರುವ ನಕ್ಷೆಗಳಲ್ಲಿ ಹೋಲಿಸುವ ನಕ್ಷತ್ರದ ಪಕ್ಕ 3.0 ಅಂತ ಬರೆಯದೆ 30 ಅಂತ ಬರೆದಿರುತ್ತಾರೆ. ಚುಕ್ಕಿ ಇಟ್ಟರೆ ಅದನ್ನೇ ಇನ್ನೊಂದು ನಕ್ಷತ್ರ ಅಂದುಕೊಳ್ಳಬಹುದು, ಅದಕ್ಕೆ. ಆಲ್ಗಾಲ್‌ಗೆ ಅಂಟಿಕೊಂಡಂತೆ ರೋ ಪರ್ಸಿಯೈ ಅಂತ ಇನ್ನೊಂದಿದೆ. ಅದನ್ನು ಹೋಲಿಕೆಗೆ ಹಿಡಿಯಬೇಡಿ, ಅದರ ಹೊಳಪೂ ಬದಲಾಗುತ್ತಿರುತ್ತದೆ.

ನಮ್ಮ ಮನೆಯಲ್ಲಿ ಒಂದೇ ಕಟ್ಟುನಿಟ್ಟಿನ ನಿಯಮ: ಬರೆಯುವ ಮೊದಲು ಬಾಯಿ ಬಿಡಬಾರದು. ಒಬ್ಬರು "2.6 ಇರಬಹುದು" ಅಂದರೆ ಇನ್ನೊಬ್ಬರ ಕಣ್ಣಿಗೂ ಅದು 2.6 ಆಗಿಬಿಡುತ್ತದೆ. ಇಷ್ಟು ವರ್ಷ ಜೊತೆಗಿದ್ದವರಿಗೆ ಇದು ಇನ್ನೂ ಜಾಸ್ತಿ. ಅದಕ್ಕೇ ನೋಟ್‌ಬುಕ್ ಎರಡು. ಇವರದ್ದು ಉದ್ದ, ನನ್ನದು ಜೇಬಿಗೆ ಹಿಡಿಯುವಂಥದ್ದು. ತಾರಸಿಗೆ ಹೋಗಿ ಮೊದಲ ಇಪ್ಪತ್ತು ನಿಮಿಷ ಏನೂ ಬರೆಯುವುದಿಲ್ಲ, ಕಣ್ಣು ಕತ್ತಲಿಗೆ ಹೊಂದಿಕೊಳ್ಳಲಿ ಅಂತ ಕೂತಿರುತ್ತೇವೆ. ನಿಜ ಹೇಳಬೇಕೆಂದರೆ ದಿನದಲ್ಲಿ ನಾವು ಚೆನ್ನಾಗಿ ಮಾತಾಡುವುದು ಆ ಇಪ್ಪತ್ತು ನಿಮಿಷದಲ್ಲೇ. ಫೋನ್ ತೆಗೆಯುವ ಹಾಗಿಲ್ಲವಲ್ಲ! ಬೆಳಕು ಬೇಕೇಬೇಕಾದರೆ ಮಂದವಾದ ಕೆಂಪು ಬೆಳಕು. ಟಾರ್ಚಿಗೆ ಕೆಂಪು ಹಾಳೆ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದರೆ ಸಾಕು.

ಆಮೇಲೆ ಅವರವರ ಲೆಕ್ಕ. ಹೊತ್ತು, ಅಂದಾಜು, ಯಾವ ಎರಡು ನಕ್ಷತ್ರಕ್ಕೆ ಹೋಲಿಸಿದ್ದು, ಮೋಡ ಮಬ್ಬು ಇದೆಯಾ. ಇಳಿಯುವ ಹೊತ್ತಿನಲ್ಲಿ ಅರ್ಧ ಗಂಟೆಗೊಮ್ಮೆ ಬರೆಯುತ್ತೇವೆ. ರಾತ್ರಿ ಮುಗಿದ ಮೇಲೆ ಒಳಗೆ ಬಂದು ಎರಡೂ ಪುಸ್ತಕ ಪಕ್ಕಪಕ್ಕ ಇಟ್ಟು ನೋಡುವುದು.

"ಎಂಟೂವರೆಗೆ ಎಷ್ಟು ಬರೆದೆ?"

"2.9. ನಿಮ್ಮದು?"

"2.7. ನಿನಗೆ ಯಾವಾಗಲೂ ಮಂಕಾಗೇ ಕಾಣೋದು ಕಣೇ."

"ನಿಮಗೆ ಯಾವಾಗಲೂ ಜಾಸ್ತಿಯಾಗೇ ಕಾಣೋದು ಕಣ್ರೀ."

ಈ ಜಗಳ ಮುಗಿಯುವುದಿಲ್ಲ, ಮುಗಿಯಬೇಕಾಗಿಯೂ ಇಲ್ಲ. ಒಂದೇ ನಕ್ಷತ್ರದ ಬಗ್ಗೆ ಇಬ್ಬರ ಅಂದಾಜಿನಲ್ಲಿ 0.2ರಷ್ಟು ವ್ಯತ್ಯಾಸ ಮಾಮೂಲು. ಮುಖ್ಯವಾದದ್ದು ಒಬ್ಬೊಬ್ಬರ ವಾಲಿಕೆ ಒಂದೇ ಥರ ಇರುವುದು. ಗ್ರಾಫ್ ಹಾಳೆಯಲ್ಲಿ ಚುಕ್ಕಿ ಹಾಕಿದಾಗ ನನ್ನ ಗೆರೆ ಇವರದಕ್ಕಿಂತ ಕೆಳಗಿರುತ್ತದೆ, ಆದರೆ ಎರಡೂ ಒಂದೇ ಹೊತ್ತಿಗೆ ತಳ ಮುಟ್ಟುತ್ತವೆ. ಗ್ರಾಫ್ ಹಾಕುವುದು ಪೂರ್ತಿ ಇವರ ಕೆಲಸ, ನನಗೆ ಅಷ್ಟು ತಾಳ್ಮೆ ಇಲ್ಲ. ಹೊಸ ನಕ್ಷತ್ರ ಹುಡುಕಿ, ಹೋಲಿಕೆಗೆ ಯಾವುದು ಸರಿ ಅಂತ ನಕ್ಷೆ ಹಿಡಿದು ಕೂರುವುದು ನನ್ನದು. ಹೀಗೆ ಪಾಲು ಆದ ಮೇಲೇ ಇದು ಇಬ್ಬರ ಹವ್ಯಾಸ ಆಗಿದ್ದು ಅಂತ ನನಗನ್ನಿಸುತ್ತದೆ. ಅದಕ್ಕೂ ಮುಂಚೆ ಯಾವಾಗಲೂ ಒಬ್ಬರ ಹವ್ಯಾಸಕ್ಕೆ ಇನ್ನೊಬ್ಬರು ಜೊತೆ ಕೊಡುತ್ತಿದ್ದೆವು.

ಜೊತೆಯಾಗಿ ಆಕಾಶ ನೋಡಿದವರ ಕಥೆ ಹಳೆಯದು. ಹದಿನೇಳನೇ ಶತಮಾನದ ಖಗೋಳ ವಿಜ್ಞಾನಿ ಯೊಹಾನ್ನೆಸ್ ಹೆವೆಲಿಯಸ್ ಮತ್ತು ಹೆಂಡತಿ ಎಲಿಸಬೆತ್ ದೊಡ್ಡದೊಂದು ಸೆಕ್ಸ್ಟೆಂಟ್‌ನಲ್ಲಿ ನಕ್ಷತ್ರಗಳ ನಡುವಿನ ಕೋನ ಅಳೆಯುತ್ತಿದ್ದರು. ಆ ಉಪಕರಣಕ್ಕೆ ಇಬ್ಬರು ಬೇಕೇಬೇಕು, ಒಬ್ಬೊಬ್ಬರು ಒಂದೊಂದು ನಕ್ಷತ್ರಕ್ಕೆ ಗುರಿ ಹಿಡಿಯಬೇಕು. 1687ರಲ್ಲಿ ಗಂಡ ತೀರಿಕೊಂಡ ಮೇಲೆ ಒಂದೂವರೆ ಸಾವಿರಕ್ಕೂ ಹೆಚ್ಚು ನಕ್ಷತ್ರಗಳ ಪಟ್ಟಿಯನ್ನು 1690ರಲ್ಲಿ ಅಚ್ಚು ಹಾಕಿಸಿದ್ದು ಆಕೆ. ನಮ್ಮ ಆಲ್ಗಾಲ್‌ದೂ ಇಬ್ಬರ ಕೆಲಸವೇ. ಇಂಗ್ಲೆಂಡಿನ ಯಾರ್ಕ್‌ನಲ್ಲಿ ಜಾನ್ ಗುಡ್ರಿಕ್ ಮತ್ತು ಎಡ್ವರ್ಡ್ ಪಿಗಟ್ ಅನ್ನುವ ಗೆಳೆಯರು ಇದನ್ನು ನೋಡಿ ಬರೆದಿಡುತ್ತಿದ್ದರು. ಗುಡ್ರಿಕ್‌ಗೆ ಕಿವಿ ಕೇಳುತ್ತಿರಲಿಲ್ಲ. 1783ರಲ್ಲಿ ಈ ನಕ್ಷತ್ರ ಎಷ್ಟು ಹೊತ್ತಿಗೊಮ್ಮೆ ಮಂಕಾಗುತ್ತದೆ ಅಂತ ಲೆಕ್ಕ ಕೊಟ್ಟು, ಏನೋ ಒಂದು ಅದರ ಮುಂದೆ ಹಾದುಹೋಗುತ್ತಿರಬಹುದು ಅಂತ ಹೇಳಿದಾಗ ಅವನಿಗೆ 18 ವರ್ಷ. ಅದು ಸರಿ ಅಂತ ಖಚಿತವಾಗಿದ್ದು 1889ರಲ್ಲಿ.

ಇವತ್ತಿಗೂ ಈ ಕೆಲಸಕ್ಕೆ ಬೆಲೆ ಇದೆ. 1911ರಲ್ಲಿ ಶುರುವಾದ ಎಎವಿಎಸ್‌ಒ ಅನ್ನುವ ಅಮೆರಿಕದ ಸಂಘ ಲೋಕದ ಎಲ್ಲ ಕಡೆಯ ಹವ್ಯಾಸಿಗಳ ಅಂದಾಜುಗಳನ್ನು ಒಟ್ಟು ಮಾಡುತ್ತದೆ. 2019ರ ಕೊನೆಗೆ ಮಹಾವ್ಯಾಧ (ಓರಿಯನ್) ಪುಂಜದ ಹೆಗಲಿನ ಆರಿದ್ರಾ ನಕ್ಷತ್ರ ಎಲ್ಲರ ಕಣ್ಣಿಗೂ ಕಾಣುವಷ್ಟು ಮಂಕಾಯಿತಲ್ಲ, ಆಗಲೂ ಬರಿಗಣ್ಣಿನ ಅಂದಾಜುಗಳು ರಾಶಿ ಬಂದಿದ್ದವು. ಆದರೆ ಆರಿದ್ರಾದಂಥ ಕೆಂಪು ನಕ್ಷತ್ರವನ್ನು ದಿಟ್ಟಿಸಿ ನೋಡಬಾರದು. ನೋಡಿದಷ್ಟೂ ಜಾಸ್ತಿ ಹೊಳೆಯುವಂತೆ ಕಾಣುತ್ತದೆ. ಕಣ್ಣು ಹಾಯಿಸಿ ತಕ್ಷಣ ತೆಗೆಯಬೇಕು.

ಮೋಡದ ದಿನ, ಹುಣ್ಣಿಮೆಯ ಆಸುಪಾಸು, ಸುಸ್ತಾದ ದಿನ ನಾವು ತಾರಸಿಗೆ ಹೋಗುವುದಿಲ್ಲ. ಅವತ್ತು ನನಗೆ ಕ್ರೋಶಾ, ಇವರಿಗೆ ಫೋನಿನಲ್ಲಿ ಯಾರದೋ ಜೊತೆ ಚೆಸ್. ಒಂದೇ ಕೋಣೆ, ಮಾತಿಲ್ಲ. ಅದೂ ಬೇಕು. ಬಿಡುವೆಲ್ಲ ಜೊತೆಗೇ ಕಳೆಯಬೇಕು ಅಂತ ಹೊರಟರೆ ಅದೇ ಒಂದು ಡ್ಯೂಟಿ ಆಗುತ್ತದೆ.

ಆಲ್ಗಾಲ್ ಹಿಡಿಯುವವರಿಗೆ ಇನ್ನೊಂದು ಅನುಕೂಲ ಇದೆ. ಅದರ ಸುತ್ತು ಮೂರು ದಿನಕ್ಕೆ ಮೂರು ಗಂಟೆ ಹನ್ನೊಂದು ನಿಮಿಷ ಕಡಿಮೆ. ಹಾಗಾಗಿ ಇವತ್ತು ಮಧ್ಯರಾತ್ರಿ ತಳ ಮುಟ್ಟಿದರೆ ಇವತ್ತು ಬಿಟ್ಟು ಮೂರನೇ ರಾತ್ರಿ ಒಂಬತ್ತಕ್ಕೆ ಮುಂಚೆ ಮುಟ್ಟುತ್ತದೆ. ಮರುದಿನ ಬೇಗ ಏಳಬೇಕಾದವರು ಎರಡನೆಯದಕ್ಕೆ ಕಾಯಬಹುದು. ನಾವು ಹಾಗೇ ಮಾಡುತ್ತೇವೆ.

ಈಗ ಮುಂದಿನ ನಕ್ಷತ್ರದ ಚರ್ಚೆ ನಡೆದಿದೆ. ನನಗೆ ಡೆಲ್ಟಾ ಸೆಫಿಯೈ ಬೇಕು, ಐದು ದಿನ ಒಂಬತ್ತು ಗಂಟೆಯೊಳಗೆ ಒಂದು ಸುತ್ತು ಮುಗಿಯುತ್ತದೆ. ಇವರಿಗೆ ಮೀರಾ ಮೇಲೆ ಮನಸ್ಸು. ಅದರದ್ದು ಸುಮಾರು 332 ದಿನದ ಸುತ್ತು, ಮಧ್ಯೆ ಬರಿಗಣ್ಣಿಗೆ ಕಾಣುವುದೇ ಇಲ್ಲ, ಬೈನಾಕ್ಯುಲರ್ ಬೇಕು. "ಹನ್ನೊಂದು ತಿಂಗಳು ಯಾರು ಕಾಯ್ತಾರ್ರೀ?" ಅಂದೆ. "ನಿನ್ನ ಶಾಲು ಎಷ್ಟು ದಿನದಿಂದ ನಡೀತಿದೆ?" ಅಂದರು. ಸದ್ಯಕ್ಕೆ ಎರಡೂ ನಕ್ಷೆ ಮೇಜಿನ ಮೇಲಿವೆ.