ಮದುವೆ ನೋಂದಣಿ ಸಾಧ್ಯವಿಲ್ಲದಿರುವಾಗ ಬೆಂಗಳೂರಿನ ಸಲಿಂಗ ಜೋಡಿಗಳು ಮಾಡಿಸಿಡಬೇಕಾದ ಪತ್ರಗಳು

ಇಬ್ಬರು ಪುರುಷರ ಅಥವಾ ಇಬ್ಬರು ಮಹಿಳೆಯರ ಮದುವೆಯನ್ನು ನೋಂದಾಯಿಸಿಕೊಳ್ಳಲು ಬೆಂಗಳೂರಿನ ಯಾವ ಸಬ್ ರಿಜಿಸ್ಟ್ರಾರ್ ಕಚೇರಿಗೂ ಅಧಿಕಾರವಿಲ್ಲ. 1954ರ ವಿಶೇಷ ವಿವಾಹ ಕಾಯ್ದೆಯನ್ನು ಸಲಿಂಗ ಜೋಡಿಗಳಿಗೂ ಅನ್ವಯಿಸಬೇಕೆಂಬ ಅರ್ಜಿಗಳನ್ನು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2023ರ ಅಕ್ಟೋಬರ್ 17ರಂದು ತಳ್ಳಿಹಾಕಿತು. ಮರುಪರಿಶೀಲನಾ ಅರ್ಜಿಗಳೂ 2025ರ ಜನವರಿಯಲ್ಲಿ ವಜಾಗೊಂಡವು. ಛಾಪಾ ಕಾಗದದ ಮೇಲೆ ‘ವಿವಾಹ ಒಪ್ಪಂದ’ ಬರೆಸಿ ನೋಟರಿಯ ಮೊಹರು ಹಾಕಿಸಿಕೊಡುತ್ತೇವೆ ಎನ್ನುವವರಿಗೆ ಹಣ ತೆರಬೇಡಿ, ಅದರಿಂದ ಮದುವೆಯಾಗುವುದಿಲ್ಲ. ವಿದೇಶದಲ್ಲಿ, ಉದಾಹರಣೆಗೆ 2025ರ ಜನವರಿಯಿಂದ ಇದಕ್ಕೆ ಅವಕಾಶವಿರುವ ಥಾಯ್ಲೆಂಡಿನಲ್ಲಿ, ಮದುವೆಯಾಗಿ ಬಂದರೂ ಇಲ್ಲಿನ ಕಾನೂನು ನಿಮ್ಮನ್ನು ದಂಪತಿಯೆಂದು ಎಣಿಸದು.

ಒಂದು ಹೊರತು ಇದೆ. ಟ್ರಾನ್ಸ್ ಮಹಿಳೆ ಮತ್ತು ಪುರುಷ, ಅಥವಾ ಟ್ರಾನ್ಸ್ ಪುರುಷ ಮತ್ತು ಮಹಿಳೆ, ಈಗಿರುವ ಕಾಯ್ದೆಗಳಡಿಯೇ ಮದುವೆಯಾಗಬಹುದೆಂದು ಅದೇ ತೀರ್ಪು ಹೇಳಿದೆ. ವಿಶೇಷ ವಿವಾಹ ಕಾಯ್ದೆಯ ದಾರಿ ಹಿಡಿದರೆ ಇಬ್ಬರಲ್ಲಿ ಒಬ್ಬರಾದರೂ ಕನಿಷ್ಠ 30 ದಿನ ವಾಸವಿರುವ ಜಿಲ್ಲೆಯ ವಿವಾಹಾಧಿಕಾರಿಗೆ ನೋಟಿಸು ಕೊಟ್ಟು, ಆಕ್ಷೇಪಣೆಯ 30 ದಿನ ಕಳೆದ ಮೇಲೆ ಮೂವರು ಸಾಕ್ಷಿಗಳೊಂದಿಗೆ ಹೋಗಬೇಕು. ನೋಟಿಸನ್ನು ಕಚೇರಿಯ ಫಲಕದಲ್ಲಿ ಅಂಟಿಸುತ್ತಾರೆ ಎಂಬುದನ್ನು ಮನೆಯವರಿಂದ ವಿರೋಧವಿರುವವರು ಮೊದಲೇ ತಿಳಿದಿರಲಿ.

ಉಳಿದವರು ಮೊದಲು ಬರೆಯಬೇಕಾದದ್ದು ಉಯಿಲು. ಉಯಿಲಿಲ್ಲದೆ ಒಬ್ಬರು ತೀರಿಕೊಂಡರೆ ಅವರ ಆಸ್ತಿ ತಂದೆತಾಯಿ, ಒಡಹುಟ್ಟಿದವರು ಮೊದಲಾದ ವಾರಸುದಾರರಿಗೆ ಹೋಗುತ್ತದೆಯೇ ಹೊರತು ಇಪ್ಪತ್ತು ವರ್ಷ ಒಂದೇ ಮನೆಯಲ್ಲಿ ಬಾಳಿದ ಸಂಗಾತಿಗೆ ಬಿಡಿಗಾಸೂ ಸೇರುವುದಿಲ್ಲ. ಉಯಿಲಿಗೆ ಛಾಪಾ ಕಾಗದ ಬೇಡ, ನೋಂದಣಿಯೂ ಕಡ್ಡಾಯವಲ್ಲ. ಇಬ್ಬರು ಸಾಕ್ಷಿಗಳು ಸಹಿ ಹಾಕಿದರೆ ಸಾಕು, ಆದರೆ ಆಸ್ತಿ ಪಡೆಯುವ ಸಂಗಾತಿಯನ್ನೇ ಸಾಕ್ಷಿಯಾಗಿ ನಿಲ್ಲಿಸಬೇಡಿ. ಮನೆಯವರು ತಕರಾರು ತೆಗೆಯುವ ಸಂಭವವಿದ್ದಲ್ಲಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸುವುದೇ ಲೇಸೆಂದು ನನ್ನ ಅಭಿಪ್ರಾಯ. ಬದುಕಿರುವಾಗಲೇ ದಾನಪತ್ರ ಮಾಡಿಕೊಡಲು ಹೊರಟರೆ ಕುಟುಂಬದವರಿಗಿರುವ ಮುದ್ರಾಂಕ ಶುಲ್ಕದ ರಿಯಾಯಿತಿ ನಿಮಗೆ ದೊರೆಯದು. ಮೇಲಾಗಿ ಆದಾಯ ತೆರಿಗೆಯ ಲೆಕ್ಕದಲ್ಲಿ ಸಂಗಾತಿ ‘ಸಂಬಂಧಿ’ ಅಲ್ಲವಾದ್ದರಿಂದ ವರ್ಷಕ್ಕೆ 50,000 ರೂಪಾಯಿ ಮೀರಿದ ಉಡುಗೊರೆ ಪಡೆದವರು ತೆರಿಗೆ ಕಟ್ಟಬೇಕಾಗುತ್ತದೆ. ಉಯಿಲಿನಿಂದ ಬಂದದ್ದಕ್ಕೆ ಈ ತೆರಿಗೆಯಿಲ್ಲ.

ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಅಡ್ಡಿಯಿಲ್ಲವೆಂದು ಕೇಂದ್ರ ಹಣಕಾಸು ಸಚಿವಾಲಯ 2024ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿದೆ. ಶಾಖೆಯವರು ಹಿಂಜರಿದರೆ ಅದನ್ನೇ ತೋರಿಸಿ. ಖಾತೆ ‘ಈದರ್ ಆರ್ ಸರ್ವೈವರ್’ ಮಾದರಿಯದ್ದಾಗಿರಲಿ, ಅಂದರೆ ಇಬ್ಬರಲ್ಲಿ ಯಾರಾದರೂ ನಡೆಸಬಹುದಾದ, ಒಬ್ಬರು ತೀರಿಕೊಂಡರೆ ಉಳಿದವರು ಹಣ ಪಡೆಯಬಹುದಾದ ಖಾತೆ. ನಾಮಿನಿ ಎಂದರೆ ಮಾಲೀಕನೆಂದು ಬಹಳ ಮಂದಿ ತಿಳಿದಿದ್ದಾರೆ, ಇದು ತಪ್ಪು. ನಾಮಿನಿಯ ಕೈಗೆ ಬಂದ ಹಣವನ್ನು ವಾರಸುದಾರರು ಕೇಳಬಹುದಾದ್ದರಿಂದ ಉಯಿಲಿನಲ್ಲಿಯೂ ಅದೇ ಹೆಸರಿರಬೇಕು. ಮನೆ ಕೊಳ್ಳುವುದಾದರೆ ಕ್ರಯಪತ್ರದಲ್ಲಿ ಇಬ್ಬರ ಹೆಸರೂ, ಪ್ರತಿಯೊಬ್ಬರ ಪಾಲೂ ಬರೆದಿರಲಿ.

ಆಸ್ಪತ್ರೆಯ ವಿಷಯದಲ್ಲಿ ಎಚ್ಚರ ಹೆಚ್ಚು ಬೇಕು. ಸಾಮಾನ್ಯ ಪವರ್ ಆಫ್ ಅಟಾರ್ನಿ, ಅಂದರೆ ನಿಮ್ಮ ಪರವಾಗಿ ವ್ಯವಹರಿಸಲು ಕೊಡುವ ಅಧಿಕಾರಪತ್ರ, ಬರೆದುಕೊಟ್ಟವರು ಬುದ್ಧಿಸ್ಥಿಮಿತ ಕಳೆದುಕೊಂಡಾಗ ಅದು ಬಿದ್ದುಹೋಗುತ್ತದೆ, ಅಂದರೆ ತೀರಾ ಬೇಕಾದ ಹೊತ್ತಿಗೇ ಕೈಕೊಡುತ್ತದೆ. ಮಾನಸಿಕ ಆರೋಗ್ಯದ ಚಿಕಿತ್ಸೆಯ ಮಟ್ಟಿಗಾದರೆ, 2017ರ ಮಾನಸಿಕ ಆರೋಗ್ಯ ಕಾಯ್ದೆಯಡಿ ರಕ್ತಸಂಬಂಧವಿಲ್ಲದ ವಯಸ್ಕರನ್ನೂ ಬಿಳಿ ಹಾಳೆಯ ಮೇಲೆ ಬರೆದು ಸಹಿ ಹಾಕಿ ತಮ್ಮ ಪ್ರತಿನಿಧಿಯಾಗಿ ಹೆಸರಿಸಬಹುದು. ಜೀವರಕ್ಷಕ ಚಿಕಿತ್ಸೆ ಬೇಕೇ ಬೇಡವೇ ಎಂಬುದಕ್ಕೆ, ಇಬ್ಬರು ಸಾಕ್ಷಿಗಳ ಎದುರು ಬರೆದು ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದ ‘ಲಿವಿಂಗ್ ವಿಲ್’ ಇದೆ. ಇದರ ಬಗ್ಗೆ ರಾಜ್ಯದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿದೆ. ಇದರ ಒಂದು ಪ್ರತಿ ಸಂಗಾತಿಯ ಬಳಿ, ಇನ್ನೊಂದು ನಿಮ್ಮನ್ನು ನೋಡುವ ವೈದ್ಯರ ಬಳಿ ಇರಲಿ. ಬೀರುವಿನಲ್ಲಿ ಬೀಗ ಹಾಕಿಟ್ಟ ಪತ್ರ ತುರ್ತು ಚಿಕಿತ್ಸಾ ಘಟಕಕ್ಕೆ ತಲುಪುವುದಿಲ್ಲ.