ಮುಂಜಾನೆಯ ಮೊದಲ ಸೆಲ್ಫ್: ಹಳೆ ಡೀಸೆಲ್ ಗಾಡಿ ನೋಡಿಕೊಳ್ಳುವ ಬಗೆ

ಹಳೆ ಡೀಸೆಲ್ ಗಾಡಿಯ ಆರೋಗ್ಯ ತಿಳಿಯಬೇಕೆಂದರೆ ಡಿಸೆಂಬರ್ ಚಳಿಯಲ್ಲಿ, ಧಾರವಾಡದ ಮುಂಜಾನೆ ಆರು ಗಂಟೆಗೆ ಅದನ್ನು ಸ್ಟಾರ್ಟ್ ಮಾಡಿ ನೋಡಬೇಕು. ಮಧ್ಯಾಹ್ನ, ಇಂಜಿನ್ ಬಿಸಿ ಇದ್ದಾಗ, ಎಂಥ ಸೋತ ಗಾಡಿಯೂ ಒಂದೇ ಸೆಲ್ಫಿಗೆ ಎದ್ದು ನಿಲ್ಲುತ್ತದೆ. ಡೀಸೆಲ್ ಇಂಜಿನ್ನಿನಲ್ಲಿ ಕಿಡಿ ಹೊಡೆಯುವ ಪ್ಲಗ್ ಇಲ್ಲ. ಪಿಸ್ಟನ್ ಗಾಳಿಯನ್ನು ಒತ್ತಿದಾಗ ಹುಟ್ಟುವ ಬಿಸಿಯಿಂದಲೇ ಡೀಸೆಲ್ ಹೊತ್ತಿಕೊಳ್ಳಬೇಕು. ಹಾಗಾಗಿ ಬ್ಯಾಟರಿ, ಹೀಟರ್ ಪ್ಲಗ್ (ತಣ್ಣಗಿನ ಇಂಜಿನ್ನಿನ ಒಳಗನ್ನು ಕರೆಂಟಿನಿಂದ ಬಿಸಿ ಮಾಡುವ ಕಡ್ಡಿ), ಡೀಸೆಲ್ ಲೈನ್, ಕಂಪ್ರೆಷನ್ (ಪಿಸ್ಟನ್ ಗಾಳಿ ಒತ್ತುವ ಶಕ್ತಿ), ಈ ನಾಲ್ಕರಲ್ಲಿ ಯಾವುದು ಸೊರಗಿದ್ದರೂ ಮೊದಲು ಗೊತ್ತಾಗುವುದು ತಣ್ಣಗಿನ ಇಂಜಿನ್ನಿನಲ್ಲೇ. ಮುಂಜಾನೆ ಎರಡು ಸೆಕೆಂಡ್ ಹೆಚ್ಚಿಗೆ ಸೆಲ್ಫ್ ಹೊಡೆಯಬೇಕಾಯಿತು ಅಂದರೆ ಅಂದೇ ಕಾರಣ ಹುಡುಕಿ. ಆರು ತಿಂಗಳು ಬಿಟ್ಟರೆ ಅದೇ ಕಾರಣ ಡೀಸೆಲ್ ಪಂಪ್ ಕೆಲಸದ ಬಿಲ್ಲಾಗಿ ಬರುತ್ತದೆ.

ಮೊದಲು ಬ್ಯಾಟರಿ ನೋಡಿ, ಏಕೆಂದರೆ ಅದಕ್ಕೆ ಕಾಸು ಖರ್ಚಿಲ್ಲ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಮಲ್ಟಿಮೀಟರ್ 12.6 ವೋಲ್ಟ್ ತೋರಿಸಬೇಕು. 12.2 ಇದ್ದರೆ ಬ್ಯಾಟರಿ ಅರ್ಧ ಖಾಲಿ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಇಳಿಯಬಾರದು. ಸ್ಟಾರ್ಟ್ ಆದ ಮೇಲೆ 13.8ರಿಂದ 14.4 ಇದ್ದರೆ ಆಲ್ಟರ್ನೇಟರ್ ಸರಿ ಇದೆ. ಬ್ಯಾಟರಿ ಹೊಸದಿದ್ದೂ ಸೆಲ್ಫ್ ಎಳೆದಾಡುತ್ತಿದ್ದರೆ ಅರ್ಥ್ ಪಟ್ಟಿ (ಬ್ಯಾಟರಿಯ ಮೈನಸ್ಸನ್ನು ಇಂಜಿನ್ನಿಗೆ ಕೂಡಿಸುವ ಪಟ್ಟಿ) ನೋಡಿ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದನ್ನು ಇಂಜಿನ್ ಬ್ಲಾಕಿನ ಬರಿ ಲೋಹಕ್ಕೆ ಹಿಡಿದು ಸೆಲ್ಫ್ ಹೊಡೆಸಿ. 0.3 ವೋಲ್ಟಿಗಿಂತ ಹೆಚ್ಚು ಬಂದರೆ ಪಟ್ಟಿ ಒಳಗೇ ತುಕ್ಕು ಹಿಡಿದಿದೆ, ಬದಲಿಸಿ. ಈ ಪಟ್ಟಿ ನೋಡದೆ ಸೆಲ್ಫ್ ಮೋಟಾರನ್ನೇ ಬಿಚ್ಚಿಸಿದವರು ಬಹಳ.

ಹೀಟರ್ ಪ್ಲಗ್

ಇಂಡಿಕಾದ ಹಳೆಯ 1.4 ಲೀಟರ್ ಇಂಜಿನ್, ಹಳೆ ಸುಮೊ, ಕ್ವಾಲಿಸ್ – ಇವುಗಳಲ್ಲಿ ಡೀಸೆಲ್ ನೇರ ಸಿಲಿಂಡರಿಗೆ ಬೀಳದೆ ಪಕ್ಕದ ಸಣ್ಣ ಕೋಣೆಗೆ ಬೀಳುತ್ತದೆ. ಆ ಕೋಣೆಯ ಗೋಡೆ ತಣ್ಣಗಿದ್ದರೆ ಬಿಸಿಯನ್ನೆಲ್ಲ ಅದೇ ಹೀರಿಬಿಡುತ್ತದೆ. ಅದಕ್ಕೇ ಇವಕ್ಕೆ ಹೀಟರ್ ಪ್ಲಗ್ ಬೇಕೇ ಬೇಕು. ನಾಲ್ಕರಲ್ಲಿ ಒಂದು ಸತ್ತರೆ ಇಂಜಿನ್ ಮೂರು ಕಾಲಿನಲ್ಲಿ ಕುಂಟುತ್ತ, ಬಿಳಿ ಹೊಗೆ ಬಿಡುತ್ತ ಸ್ಟಾರ್ಟ್ ಆಗಿ ಅರ್ಧ ನಿಮಿಷದಲ್ಲಿ ಸರಿಹೋಗುತ್ತದೆ. ಎರಡು ಸತ್ತರೆ ಚಳಿಗಾಲದಲ್ಲಿ ತಳ್ಳುವ ಜನ ಬೇಕು.

ಪರೀಕ್ಷೆ ಸುಲಭ. ನಾಲ್ಕೂ ಪ್ಲಗ್‌ಗಳನ್ನು ಕೂಡಿಸುವ ಲೋಹದ ಪಟ್ಟಿಯನ್ನು ಮೊದಲು ತೆಗೆಯಿರಿ. ಪಟ್ಟಿ ಇದ್ದ ಹಾಗೆಯೇ ಅಳೆದರೆ ನಾಲ್ಕರ ಲೆಕ್ಕ ಒಂದರಲ್ಲೇ ಬಂದು ದಾರಿ ತಪ್ಪಿಸುತ್ತದೆ. ಆಮೇಲೆ ಒಂದೊಂದೇ ಪ್ಲಗ್ಗಿನ ತುದಿಯಿಂದ ಬ್ಲಾಕಿಗೆ ಓಮ್ ಅಳೆಯಿರಿ. 0.5ರಿಂದ 2 ಓಮ್ ಒಳಗಿದ್ದರೆ ಪ್ಲಗ್ ಜೀವಂತ, ಮೀಟರ್ ಅಲುಗದಿದ್ದರೆ ಸತ್ತಿದೆ. ನಾಲ್ಕೂ ಸರಿ ಇದ್ದು ತುದಿಗೆ ಕರೆಂಟೇ ಬರದಿದ್ದರೆ ರಿಲೇ ಅಥವಾ ಫ್ಯೂಸ್ ಹೋಗಿದೆ. ಬಿಚ್ಚುವುದು ಮಾತ್ರ ಎಚ್ಚರದ ಕೆಲಸ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟು, ಇಂಜಿನ್ ಬೆಚ್ಚಗಿದ್ದಾಗ ಹಿಂದೆ ಮುಂದೆ ಸ್ವಲ್ಪ ಸ್ವಲ್ಪವೇ ಆಡಿಸುತ್ತ ತಿರುಗಿಸಿ. ಜೋರು ಮಾಡಿದರೆ ಪ್ಲಗ್ ಒಳಗೇ ಮುರಿದು ಹೆಡ್ ಇಳಿಸುವ ಪ್ರಸಂಗ ಬರುತ್ತದೆ.

ಸ್ವಿಫ್ಟ್ ಡೀಸೆಲ್, ಇನ್ನೋವಾದಂಥ ಕಾಮನ್ ರೇಲ್ ಇಂಜಿನ್ನುಗಳು (ಎಲ್ಲ ಇಂಜೆಕ್ಟರುಗಳಿಗೂ ಒಂದೇ ಕೊಳವೆಯಿಂದ ಭಾರಿ ಒತ್ತಡದ ಡೀಸೆಲ್ ಕೊಡುವಂಥವು) ನಮ್ಮ ಕಡೆಯ ಚಳಿಗೆ ಹೀಟರ್ ಇಲ್ಲದೆಯೂ ಸ್ಟಾರ್ಟ್ ಆಗಿಬಿಡುತ್ತವೆ. ಅವು ಮುಂಜಾನೆ ಸತಾಯಿಸಿದರೆ ಹೀಟರ್ ಪ್ಲಗ್ ಬದಲಿಸಿ ದುಡ್ಡು ಕಳೆಯಬೇಡಿ, ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಕಡೆ ನೋಡಿ.

ಲೈನಿಗೆ ಗಾಳಿ ಹೊಕ್ಕಾಗ

ರಾತ್ರಿ ನಿಂತ ಗಾಡಿ ಮುಂಜಾನೆ ಹತ್ತು ಹದಿನೈದು ಸೆಕೆಂಡ್ ಸೆಲ್ಫ್ ಬೇಡುತ್ತದೆ, ಒಮ್ಮೆ ಸ್ಟಾರ್ಟ್ ಆದರೆ ದಿನವಿಡೀ ಏನೂ ತೊಂದರೆ ಇಲ್ಲ. ಹೀಗಿದ್ದರೆ ಹೆಚ್ಚಿನ ಸಲ ಲೈನ್ ಗಾಳಿ ತೆಗೆದುಕೊಳ್ಳುತ್ತಿದೆ ಎಂದೇ ಅರ್ಥ. ಟ್ಯಾಂಕ್ ಕೆಳಗಿದೆ, ಪಂಪ್ ಮೇಲಿದೆ. ನಡುವೆ ಎಲ್ಲಾದರೂ ಕೂದಲೆಳೆಯಷ್ಟು ಸಂದು ಬಿಟ್ಟರೂ ಡೀಸೆಲ್ ರಾತ್ರಿಯಲ್ಲಿ ಟ್ಯಾಂಕಿನ ಕಡೆ ಇಳಿದುಹೋಗುತ್ತದೆ. ಹೊರಗೆ ಒಂದು ಹನಿಯೂ ಸೋರುವುದಿಲ್ಲ, ಒಳಗೆ ಗಾಳಿ ಎಳೆಯುತ್ತದೆ. ಇದೇ ಕಾರಣಕ್ಕೆ ಬರಿಗಣ್ಣಿಗೆ ಸಿಗುವುದಿಲ್ಲ.

ಹಿಡಿಯುವ ಉಪಾಯ ಇದೆ. ಫಿಲ್ಟರಿನಿಂದ ಪಂಪಿಗೆ ಹೋಗುವ ಪೈಪಿನ ನಡುವೆ ಒಂದಡಿ ಪಾರದರ್ಶಕ ಡೀಸೆಲ್ ಪೈಪ್ ಕೂಡಿಸಿ, ಎರಡೂ ತುದಿಗೆ ಕ್ಲಿಪ್ ಬಿಗಿಯಿರಿ. ಸಂಜೆ ಇಂಜಿನ್ ಬಂದ್ ಮಾಡಿದಾಗ ಪೈಪಿನ ತುಂಬ ಡೀಸೆಲ್ ಇರುತ್ತದೆ. ಮುಂಜಾನೆ ಬಾನೆಟ್ ಎತ್ತಿ ಟಾರ್ಚ್ ಹಿಡಿದಾಗ ಅರ್ಧ ಪೈಪ್ ಖಾಲಿ ಕಂಡರೆ, ಅಥವಾ ಇಂಜಿನ್ ನಡೆಯುವಾಗ ಸಾಸಿವೆ ಕಾಳಿನಂಥ ಗುಳ್ಳೆಗಳು ಸಾಲಾಗಿ ಓಡುತ್ತಿದ್ದರೆ ಅನುಮಾನ ಖಾತ್ರಿ. ಗುಳ್ಳೆ ಕಂಡರೆ ತಪ್ಪು ಫಿಲ್ಟರಿನಲ್ಲಿ ಅಥವಾ ಅದರ ಹಿಂದಿನ ಪೈಪಿನಲ್ಲಿ. ಪೈಪ್ ತುಂಬಿಯೇ ಇದ್ದೂ ತೊಂದರೆ ಹೋಗದಿದ್ದರೆ ನೋಝಲ್ (ಇಂಜಿನ್ನಿನೊಳಗೆ ಡೀಸೆಲ್ ಸಿಂಪಡಿಸುವ ಭಾಗ) ಮೇಲಿನ, ಉಳಿದ ಡೀಸೆಲ್ ಹಿಂದಕ್ಕೆ ಒಯ್ಯುವ ಸಣ್ಣ ರಿಟರ್ನ್ ಪೈಪುಗಳನ್ನು ನೋಡಿ. ನೂಲಿನ ಹೊದಿಕೆಯ ಈ ಪೈಪುಗಳು ಬಿಸಿಗೆ ಒಣಗಿ ಬಿರಿಯುತ್ತವೆ. ಬಟ್ಟೆಯಿಂದ ಒರೆಸಿ ಬಗ್ಗಿಸಿದರೆ ಬಿರುಕು ಕಾಣುತ್ತದೆ. ಬೆಲೆ ಅತಿ ಕಡಿಮೆ, ನಾಲ್ಕನ್ನೂ ಒಟ್ಟಿಗೇ ಬದಲಿಸಿ.

ಗಾಳಿ ತೆಗೆಯುವ ಕ್ರಮ ರೋಟರಿ ಪಂಪಿನ ಹಳೆ ಇಂಜಿನ್ನುಗಳಿಗೆ ಹೀಗೆ. ಫಿಲ್ಟರ್ ತಲೆಯ ಮೇಲಿನ ಗಾಳಿ ತೆಗೆಯುವ ಸ್ಕ್ರೂ ಎರಡು ಸುತ್ತು ಸಡಿಲಿಸಿ, ಕೆಳಗೆ ಬಟ್ಟೆ ಇಟ್ಟು, ಕೈಪಂಪ್ ಒತ್ತುತ್ತಿರಿ. ಮೊದಲು ನೊರೆ ಬರುತ್ತದೆ. ನೊರೆ ನಿಂತು ಬರಿ ಡೀಸೆಲ್ ಬಂದಾಗ, ಒತ್ತುತ್ತಲೇ ಸ್ಕ್ರೂ ಬಿಗಿಯಿರಿ. ಕೈಪಂಪ್ ಗಟ್ಟಿಯಾಗುವವರೆಗೆ ಇನ್ನೂ ಒತ್ತಿ. ಅಷ್ಟಕ್ಕೂ ಸ್ಟಾರ್ಟ್ ಆಗದಿದ್ದರೆ ನೋಝಲ್ ಕಡೆಯ ಪೈಪ್ ನಟ್ಟುಗಳನ್ನು ಪಾನಾದಿಂದ ಅರ್ಧ ಸುತ್ತು ಸಡಿಲಿಸಿ, ಮೇಲೆ ಬಟ್ಟೆ ಸುತ್ತಿ ಸೆಲ್ಫ್ ಹೊಡೆಸಿ. ನಟ್ಟಿನ ಸುತ್ತ ಡೀಸೆಲ್ ಒಸರಿದ ಕೂಡಲೇ ಬಿಗಿಯಿರಿ. ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಬೇಡ, ನಡುವೆ ಅರ್ಧ ನಿಮಿಷ ಬಿಡಿ.

ಕಾಮನ್ ರೇಲ್ ಗಾಡಿಯಲ್ಲಿ ಈ ಕೊನೆಯ ಕೆಲಸ ಎಂದಿಗೂ ಮಾಡಬಾರದು. ಆ ಪೈಪಿನಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತದೆ, ಸೂಜಿಯಂಥ ಧಾರೆ ಚರ್ಮ ತೂರಿ ಒಳಗೆ ಹೋಗುತ್ತದೆ. ಹಾಗೇನಾದರೂ ಆದರೆ ಗಾಯ ಸಣ್ಣದಾಗಿ ಕಂಡರೂ ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು. ಇವುಗಳಲ್ಲಿ ಮಾಡಿಸಬಹುದಾದ ಪರೀಕ್ಷೆ ಬೇರೆ: ನಾಲ್ಕು ಇಂಜೆಕ್ಟರಿನ ರಿಟರ್ನಿಗೆ ನಾಲ್ಕು ಸಣ್ಣ ಬಾಟಲಿ ಕಟ್ಟಿ ಎರಡು ಮೂರು ನಿಮಿಷ ಇಂಜಿನ್ ಓಡಿಸುವುದು. ಯಾವ ಬಾಟಲಿ ಉಳಿದವಕ್ಕಿಂತ ಬಹಳ ಬೇಗ ತುಂಬುತ್ತದೋ ಆ ಇಂಜೆಕ್ಟರ್ ಒಳಗೆ ಸವೆದಿದೆ. ನಾಲ್ಕನ್ನೂ ಬದಲಿಸಿ ಎಂದವರಿಗೆ ಮೊದಲು ಈ ಬಾಟಲಿ ಪರೀಕ್ಷೆ ತೋರಿಸಲು ಕೇಳಿ.

ಡೀಸೆಲ್ ಒಳಗಿನ ನೀರು

ಪಂಪ್ ಮತ್ತು ನೋಝಲ್ ಎರಡಕ್ಕೂ ಡೀಸೆಲ್ಲೇ ಎಣ್ಣೆ. ನೀರು ಹೊಕ್ಕರೆ ಆ ಜಾರು ಹೋಗಿ ಲೋಹಕ್ಕೆ ಲೋಹ ತಿಕ್ಕುತ್ತದೆ, ತುಕ್ಕೂ ಹಿಡಿಯುತ್ತದೆ. ಫಿಲ್ಟರಿನ ಬುಡದಲ್ಲಿ ನೀರು ಬಿಡುವ ತಿರುಪು ಇರುತ್ತದೆ. 5,000 ಕಿಲೋಮೀಟರಿಗೊಮ್ಮೆ, ಮಳೆಗಾಲದಲ್ಲಾದರೆ ತಿಂಗಳಿಗೊಮ್ಮೆ ಅದನ್ನು ತಿರುಗಿಸಿ ಒಂದು ಚಹಾ ಲೋಟದಷ್ಟನ್ನು ಗಾಜಿನ ಬಾಟಲಿಗೆ ಇಳಿಸಿ. ಹತ್ತು ನಿಮಿಷ ಅಲುಗಿಸದೆ ಇಟ್ಟು ಬೆಳಕಿಗೆ ಹಿಡಿಯಿರಿ. ಮೇಲೆ ಹೊಂಬಣ್ಣದ ಡೀಸೆಲ್, ಬುಡದಲ್ಲಿ ಬೇರೆಯಾಗಿ ನಿಂತ ನೀರಿನ ಗೆರೆ. ಬಾಟಲಿ ಓರೆ ಮಾಡಿದರೆ ನೀರು ಪಾದರಸದಂತೆ ಮೂಲೆಗೆ ಉರುಳುತ್ತದೆ. ಅದರಲ್ಲಿ ಕೆಂಪು ಪುಡಿ ಕಂಡರೆ ಟ್ಯಾಂಕ್ ಒಳಗೆ ತುಕ್ಕು ಹಿಡಿದಿದೆ, ಟ್ಯಾಂಕ್ ಇಳಿಸಿ ತೊಳೆಸದೆ ಹೊಸ ಫಿಲ್ಟರ್ ಹಾಕಿ ಪ್ರಯೋಜನವಿಲ್ಲ. ವಾರಗಟ್ಟಲೆ ನಿಲ್ಲುವ ಗಾಡಿಯ ಟ್ಯಾಂಕ್ ತುಂಬಿಸಿಯೇ ಇಡಿ. ಖಾಲಿ ಜಾಗದ ಹಸಿ ಗಾಳಿಯೇ ರಾತ್ರಿ ತಣ್ಣಗಾಗಿ ನೀರಾಗುತ್ತದೆ.

ಸೀಮೆಎಣ್ಣೆ ಬೆರೆಸುವ ಹಳೆ ಚಟ ಇನ್ನೂ ಕೆಲವೆಡೆ ಉಳಿದಿದೆ. ಅದು ಕಾನೂನಿಗೆ ವಿರುದ್ಧ, ಮೇಲಾಗಿ ಪಂಪಿಗೆ ವಿಷ. ಸೀಮೆಎಣ್ಣೆಗೆ ಜಾರು ಇಲ್ಲ. ಇನ್ನೊಂದು ಮಾತು: 2020ರ ಏಪ್ರಿಲ್‌ನಿಂದ ದೇಶದಾದ್ಯಂತ ಸಿಗುತ್ತಿರುವ ಬಿಎಸ್-6 (ಹೊಗೆ ನಿಯಂತ್ರಣದ ಸರ್ಕಾರಿ ಮಾನದಂಡ) ಡೀಸೆಲ್ಲಿನಲ್ಲಿ ಗಂಧಕ 10 ಪಿಪಿಎಂ (ಹತ್ತು ಲಕ್ಷಕ್ಕೆ ಹತ್ತು ಪಾಲು) ಮಾತ್ರ. ಬಿಎಸ್-4ರಲ್ಲಿ 50 ಇತ್ತು. ಗಂಧಕ ಕಡಿಮೆಯಾದ ಡೀಸೆಲ್ಲಿಗೆ ಹಳೆ ಪಂಪಿನ ರಬ್ಬರ್ ಸೀಲುಗಳು ಸ್ವಲ್ಪ ಕುಗ್ಗುವುದುಂಟು. ಪಂಪಿನ ಸುತ್ತ ಒದ್ದೆ ಕಂಡ ಕೂಡಲೇ ಪಂಪೇ ಹೋಯಿತೆಂದು ಒಪ್ಪಿಕೊಳ್ಳಬೇಡಿ, ಸೀಲ್ ಕಿಟ್ ಹಾಕಿದರೆ ಸಾಕಾಗುವುದೇ ಹೆಚ್ಚು. ಪಂಪ್ ಮತ್ತು ನೋಝಲ್ ಕೆಲಸವನ್ನು ಕ್ಯಾಲಿಬ್ರೇಶನ್ ಬೆಂಚ್ (ಪಂಪನ್ನು ಅಳೆದು ಹೊಂದಿಸುವ ಯಂತ್ರ) ಇದ್ದವರಲ್ಲೇ ಮಾಡಿಸಿ. "ನೋಝಲ್ ಟೆಸ್ಟರ್ ಮ್ಯಾಲೆ ಹಾಕಿ ಒಮ್ಮೆ ತೋರಸ್ರಿ" ಎಂದು ಕೇಳಲು ಸಂಕೋಚ ಬೇಡ. ಒಳ್ಳೆಯ ನೋಝಲ್ ಮಂಜಿನಂತೆ ಸಿಂಪಡಿಸಿ ತಟ್ಟನೆ ನಿಲ್ಲುತ್ತದೆ. ತುದಿಯಲ್ಲಿ ಹನಿ ತೂಗಾಡಿದರೆ ಅದು ಕೆಟ್ಟಿದೆ. ತಿರುಗಿ ಕೂಡಿಸುವಾಗ ವಾಶರ್ ಹೊಸದೇ ಇರಬೇಕು.

ಹೊಗೆ

ಕಪ್ಪು ಹೊಗೆ ಅಂದರೆ ಗಾಳಿ ಕಡಿಮೆ ಅಥವಾ ಡೀಸೆಲ್ ಹೆಚ್ಚು. ಏರ್ ಫಿಲ್ಟರ್, ಟರ್ಬೊ (ಇಂಜಿನ್ನಿಗೆ ಹೆಚ್ಚು ಗಾಳಿ ನೂಕುವ ಭಾಗ) ಹೋಸ್, ನೋಝಲ್ ಈ ಕ್ರಮದಲ್ಲಿ ನೋಡಿ. ಬಿಳಿ ಹೊಗೆಗೆ ಕಣ್ಣುರಿಸುವ ಡೀಸೆಲ್ ವಾಸನೆ ಇದ್ದರೆ ಅದು ಸುಡದೇ ಉಳಿದ ಡೀಸೆಲ್. ಸಿಹಿ ವಾಸನೆ ಇದ್ದು, ಇಂಜಿನ್ ಬಿಸಿಯಾದ ಮೇಲೂ ನಿಲ್ಲದಿದ್ದರೆ ಕೂಲೆಂಟ್ ಒಳಗೆ ಸುಡುತ್ತಿದೆ, ಹೆಡ್ ಗ್ಯಾಸ್ಕೆಟ್ ನೋಡಿಸಿ. ನೀಲಿ ಹೊಗೆ ಇಂಜಿನ್ ಆಯಿಲ್ಲಿನದು. ಆಗ ಇಂಜಿನ್ ಐಡಲ್‌ನಲ್ಲಿಟ್ಟು ಆಯಿಲ್ ಹಾಕುವ ಮುಚ್ಚಳ ತೆಗೆದು ಬಾಯಿ ಮೇಲೆ ಸುಮ್ಮನೆ ಇಡಿ. ಸ್ವಲ್ಪ ನಡುಗಿದರೆ ಚಿಂತೆಯಿಲ್ಲ. ಮುಚ್ಚಳ ಕುಣಿದು ಬಿದ್ದು, ರೈಲಿನಂತೆ ಪುಸಪುಸ ಹೊಗೆ ಬಂದರೆ ಪಿಸ್ಟನ್ ರಿಂಗ್, ಬೋರ್ (ಸಿಲಿಂಡರಿನ ಒಳಗೋಡೆ) ಸವೆದಿವೆ. ಹಳೆ ಗಾಡಿ ಕೊಳ್ಳುವಾಗಲೂ ಇದೇ ಪರೀಕ್ಷೆ ಮಾಡಿ, ಇಂಜಿನ್ ತಣ್ಣಗಿರುವಾಗಲೇ ಹೋಗಿ.

ಟರ್ಬೊ ಸೀಲ್ ಪೂರ್ತಿ ಹೋದರೆ ಇಂಜಿನ್ ತನ್ನ ಆಯಿಲ್ಲನ್ನೇ ಕುಡಿದು, ಕೀ ತೆಗೆದರೂ ನಿಲ್ಲದೆ ಅಬ್ಬರಿಸುವುದುಂಟು. ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕ್ ಪೂರ್ತಿ ತುಳಿದು, ಐದನೇ ಗೇರ್ ಹಾಕಿ ಕ್ಲಚ್ ಬಿಟ್ಟುಬಿಡಿ. ಇಂಜಿನ್ ಬಡಿದು ನಿಲ್ಲುತ್ತದೆ.

ಎರೆ ಮಣ್ಣಿನ ಧೂಳು, ಬೋರ್ ನೀರು

ನವಲಗುಂದ, ನರಗುಂದ, ರೋಣದ ಕಡೆ ಸುಗ್ಗಿ ದಿನಗಳಲ್ಲಿ ಓಡಾಡುವ ಗಾಡಿಗೆ ಏರ್ ಫಿಲ್ಟರ್ 10,000 ಕಿಲೋಮೀಟರಿಗೇ ಬದಲಿಸಿ. ಕಾಗದದ ಫಿಲ್ಟರನ್ನು ನೆಲಕ್ಕೆ ಬಡಿಯುವುದು, ತೊಳೆಯುವುದು ಬೇಡ. ಕಡಿಮೆ ಒತ್ತಡದ ಗಾಳಿಯನ್ನು ಒಳಗಿನಿಂದ ಹೊರಗೆ ಹೊಡೆಸಿ. ಫಿಲ್ಟರ್ ತೆಗೆದಾಗ ಇಂಜಿನ್ ಕಡೆಯ ಪೈಪಿನೊಳಗೆ ಬೆರಳಾಡಿಸಿ ನೋಡಿ. ಬೆರಳಿಗೆ ಕಪ್ಪು ಹುಡಿ ಹತ್ತಿದರೆ ಫಿಲ್ಟರಿನ ಅಂಚು ಕೂತಿಲ್ಲ, ಧೂಳು ನೇರ ಸಿಲಿಂಡರ್ ಬೋರಿಗೆ ಹೋಗಿ ಅರೆಯುತ್ತಿದೆ. ಇಂಥ ಓಡಾಟಕ್ಕೆ ಆಯಿಲ್ ಬದಲಾವಣೆಯೂ 5,000ಕ್ಕೇ ಆಗಲಿ, ಇಲ್ಲದಿದ್ದರೆ 7,500ಕ್ಕೆ. ಹಳೆ ಇಂಜಿನ್ನುಗಳಿಗೆ 15W-40 ದರ್ಜೆಯ ಆಯಿಲ್, ಸ್ವಿಫ್ಟಿನ 1.3ಕ್ಕೆ 5W-40 ಅಥವಾ 5W-30. ಅದರ ಟೈಮಿಂಗ್ ಚೈನ್ ಉಳಿಯುವುದು ಆಯಿಲ್ ಮೇಲೆಯೇ. ಆಯಿಲ್ ಕಡ್ಡಿಯಲ್ಲಿ ಮಟ್ಟ ತಾನಾಗಿ ಏರಿ, ಡೀಸೆಲ್ ವಾಸನೆ ಬಂದರೆ ಗಾಡಿ ಓಡಿಸಬೇಡಿ. ಡೀಸೆಲ್ ಆಯಿಲ್ಲಿಗೆ ಇಳಿಯುತ್ತಿದೆ, ಬೇರಿಂಗ್ ಹೋಗುತ್ತದೆ.

ರೇಡಿಯೇಟರಿಗೆ ಬೋರ್ ನೀರು ಹಾಕುವುದು ನಮ್ಮ ಕಡೆಯ ದೊಡ್ಡ ತಪ್ಪು. ಪಾತ್ರೆಯಲ್ಲಿ ಕಾಯಿಸಿದರೆ ಬಿಳಿ ಪೊರೆ ಕಟ್ಟುವ ನೀರು ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಏನು ಮಾಡೀತು ನೋಡಿ! ಊರೊಳಗೆ ಏನೂ ಗೊತ್ತಾಗುವುದಿಲ್ಲ, ಅಂಕೋಲಾದಿಂದ ಅರಬೈಲ್ ಘಟ್ಟ ಹತ್ತುವಾಗ ಇಂಜಿನ್ ಬಿಸಿ ತೋರಿಸುವ ಮುಳ್ಳು ಮೇಲೇರುತ್ತದೆ. ಕೂಲೆಂಟ್ ಅರ್ಧ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಅರ್ಧ, ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಾವಣೆ. ಮುಳ್ಳು ಏರಿದಾಗ ಎಸಿ ಬಂದ್ ಮಾಡಿ, ಗಾಡಿಯೊಳಗಿನ ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ ಬದಿಗೆ ನಿಲ್ಲಿಸಿ. ರೇಡಿಯೇಟರ್ ಮುಚ್ಚಳಕ್ಕೆ ಮುಕ್ಕಾಲು ಗಂಟೆ ಕೈ ಹಚ್ಚಬೇಡಿ. ಘಟ್ಟ ಹತ್ತಿ ನಿಂತ ಟರ್ಬೊ ಗಾಡಿಯನ್ನು ಒಂದು ನಿಮಿಷ ಐಡಲ್‌ನಲ್ಲಿ ಬಿಟ್ಟು ಆಮೇಲೆ ಬಂದ್ ಮಾಡಿ.

ಹಳೆ ಇಂಡಿಕಾ, ಕ್ವಾಲಿಸ್, ಹಳೆ ಇನ್ನೋವಾಗಳಲ್ಲಿ ಟೈಮಿಂಗ್ ಬೆಲ್ಟ್ (ವಾಲ್ವುಗಳನ್ನು ಪಿಸ್ಟನ್ ಜೊತೆ ತಾಳಕ್ಕೆ ಓಡಿಸುವ ಪಟ್ಟಿ) ಇದೆ. ಹರಿದರೆ ವಾಲ್ವಿಗೆ ಪಿಸ್ಟನ್ ಬಡಿಯುತ್ತದೆ. ಹಿಂದೆ ಯಾವಾಗ ಹಾಕಿದ್ದು ಎಂಬ ಚೀಟಿ ಇಲ್ಲದ ಗಾಡಿ ಕೊಂಡಿದ್ದರೆ ಮೊದಲ ಖರ್ಚು ಇದೇ ಆಗಲಿ, ಬೆಲ್ಟ್ ಬಿಗಿ ಹಿಡಿಯುವ ಟೆನ್ಷನರ್ ಸಮೇತ.

ಕಾಗದಪತ್ರ

ಹತ್ತು ವರ್ಷಕ್ಕೆ ಡೀಸೆಲ್ ಗಾಡಿ ಬಂದ್ ಎಂಬುದು ದೆಹಲಿ ಸುತ್ತಲಿನ ಮಾತು, ನಮ್ಮಲ್ಲಿ ಆ ನಿಯಮವಿಲ್ಲ. 15 ವರ್ಷಕ್ಕೆ ಆರ್‌ಸಿ ನವೀಕರಿಸಿದರೆ ಐದು ವರ್ಷ ನಡೆಯುತ್ತದೆ. ಅವಧಿ ಮುಗಿಯುವ 60 ದಿನ ಮೊದಲಿನಿಂದ ಫಾರ್ಮ್ 25ರಲ್ಲಿ ಅರ್ಜಿ ಹಾಕಬಹುದು. 2022ರ ಏಪ್ರಿಲ್‌ನಿಂದ ಕಾರಿನ ಶುಲ್ಕ 5,000 ರೂಪಾಯಿ, 20 ವರ್ಷ ದಾಟಿದವಕ್ಕೆ 2025ರಲ್ಲಿ 10,000ಕ್ಕೆ ಏರಿದೆ. ಗಾಡಿಯನ್ನು ಆರ್‌ಟಿಒಗೆ ತೋರಿಸಲು ಹೋಗುವ ಮುಂಚೆ ಚಾಸಿಸ್ ನಂಬರನ್ನು ಡೀಸೆಲ್ ಬಟ್ಟೆಯಿಂದ ಒರೆಸಿ ಓದುವಂತೆ ಮಾಡಿ. ಗ್ರೈಂಡರ್ ಹಚ್ಚಿದರೆ ಅಂಕಿ ಅಳಿದು ಬೇರೆಯೇ ತಾಪತ್ರಯ.

ಹೊಗೆ ತಪಾಸಣೆಯಲ್ಲಿ ಬಿಎಸ್-4ಕ್ಕಿಂತ ಹಿಂದಿನ ಡೀಸೆಲ್ ಗಾಡಿಗೆ ಮಿತಿ 65 ಹಾರ್ಟ್ರಿಜ್ (ಹೊಗೆಯ ದಟ್ಟಣೆ ಅಳೆಯುವ ಮಾನ), ಬಿಎಸ್-4ಕ್ಕೆ 50. ಇಂಜಿನ್ನನ್ನು ಪೂರ್ತಿ ವೇಗಕ್ಕೆ ಎಬ್ಬಿಸಿ ಅಳೆಯುತ್ತಾರೆ. ಹಾಗಾಗಿ ಆಯಿಲ್ ಮಟ್ಟ ನೋಡಿಕೊಂಡು, ಟೈಮಿಂಗ್ ಬೆಲ್ಟ್ ಹಳೆಯದಿದ್ದರೆ ಮೊದಲು ಬದಲಿಸಿಕೊಂಡು ಹೋಗಿ. ಮನೆಯಿಂದ ನೇರ ತಣ್ಣಗೆ ಹೋಗದೆ, ಹುಬ್ಬಳ್ಳಿ–ಧಾರವಾಡ ನಡುವೆ ಇಪ್ಪತ್ತು ಕಿಲೋಮೀಟರ್ 2,500 ಆರ್‌ಪಿಎಂ ಸುಮಾರಿಗೆ ಓಡಿಸಿ, ಸೈಲೆನ್ಸರಿನ ಮಸಿ ಊದಿಹೋದ ಮೇಲೆ ತಪಾಸಣೆಗೆ ನಿಲ್ಲಿಸಿ.